ಮಾವನ ಕೋವಿಗೆ ಬೆಲೆ ಕಟ್ಟುವುದು ಹೇಗೆ?

ಮನೆಯ ಹಿರಿಯರು ತಮ್ಮ ಹಳೆಯ ಕೋವಿಯನ್ನು ಕಿರಿಯರಿಗೆ ದಾಟಿಸುತ್ತೇನೆ ಅಂದಾಗ ನಮ್ಮಲ್ಲಿ ಎರಡೇ ಮಾತು ಹುಟ್ಟುತ್ತವೆ. ‘ಈಗ ಅದಕ್ಕೆ ಎಷ್ಟು ಸಿಕ್ಕೀತು?’ ಎನ್ನುವುದು ಒಂದು. ‘ಮನೆತನದ ಗತ್ತು ಅದು, ಬಿಟ್ಟುಕೊಡಬಾರದು’ ಎನ್ನುವುದು ಇನ್ನೊಂದು. ಎರಡೂ ಕೋವಿಯನ್ನು ಸರಿಯಾಗಿ ನೋಡದೆ ಆಡುವ ಮಾತು ಎಂಬುದು ನನ್ನ ತಕರಾರು.

ನನ್ನ ಸೋದರಮಾವನ ಮನೆಯಲ್ಲಿ ಅಂಥದ್ದೊಂದಿದೆ. ಮಲೆನಾಡಿನ ಅಡಿಕೆ ತೋಟದ ಮನೆ. ತೋಟಕ್ಕೆ ನುಗ್ಗುವ ಪ್ರಾಣಿಗಳನ್ನು ಬೆದರಿಸಲೆಂದು ಅವರ ಅಪ್ಪ ಲೈಸೆನ್ಸ್ ಮಾಡಿಸಿ ಕೊಂಡದ್ದು. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಬಿಡಿಸಿಕೊಂಡು ಬರುವುದು ಆ ಮನೆಯ ಪದ್ಧತಿ. ಈಗ ಮಾವನಿಗೆ ಎಪ್ಪತ್ತು ದಾಟಿದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಎಪ್ಪತ್ತು ತುಂಬಿದವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ವರ್ಗಾವಣೆ ಕೇಳಬಹುದು. ಮಗಳ ಹೆಸರಿಗೆ ಮಾಡಿಸುವ ಯೋಚನೆ ಅವರದು. ‘ಮಿಲ್ಟ್ರಿ ರೈಫಲ್ಲು, ಒಳ್ಳೆ ಮಾಲು. ನೀನು ಇತಿಹಾಸ ಓದ್ತಿದೀಯಲ್ಲ, ಎಂಥದ್ದು ಅಂತ ನೋಡಿ ಹೇಳು’ ಅಂದರು.

ನೋಡಿದೆ. ಮೊದಲು ಮಾವನೇ ಬೋಲ್ಟ್ ಎಳೆದು ಒಳಗೆ ತೋಟೆ ಇಲ್ಲವೆಂದು ತೋರಿಸಿದರು. ಹಿಡಿಮರದ ಕೊರಳಿನ ಲೋಹದ ಪಟ್ಟಿಯ ಮೇಲೆ ಒಂದು ಕಿರೀಟ, ಅದರ ಕೆಳಗೆ ಜಿ.ಆರ್.ಐ. ಎಂಬ ಅಕ್ಷರಗಳು. ಅಂದರೆ ಜಾರ್ಜ್, ದೊರೆ ಮತ್ತು ಚಕ್ರವರ್ತಿ. ಬಂಗಾಳದ ಇಶಾಪುರ ಕಾರ್ಖಾನೆಯ ಹೆಸರಿದೆ. ಬೋಲ್ಟಿನ ಮೇಲಿನ ಸಂಖ್ಯೆ, ಮೈಮೇಲಿನ ಸಂಖ್ಯೆ ಎರಡೂ ಒಂದೇ. ಇಲ್ಲಿಯವರೆಗೆ ಎಲ್ಲವೂ ಲೀ-ಎನ್‌ಫೀಲ್ಡ್, ನಮ್ಮ ಜನ ‘ತ್ರೀ ನಾಟ್ ತ್ರೀ’ ಎಂದು ಕರೆಯುವ, ಉತ್ತರ ಪ್ರದೇಶದ ಪೊಲೀಸರು 2020ರವರೆಗೂ ಹೊತ್ತು ತಿರುಗಿದ ಅದೇ ಬಂದೂಕು. ಆದರೆ ಬೋಲ್ಟ್ ತೆಗೆದು ನಳಿಗೆಯನ್ನು ಬೆಳಕಿಗೆ ಹಿಡಿದರೆ ಒಳಗೆ ಸುರುಳಿ ಗೆರೆಗಳೇ ಇಲ್ಲ. ಗುಂಡನ್ನು ತಿರುಗಿಸಿ ನೇರ ಕಳಿಸುವ ಆ ಗೆರೆಗಳಿಂದಲೇ ರೈಫಲ್‌ಗೆ ಆ ಹೆಸರು ಬಂದದ್ದು. ಹತ್ತು ತೋಟೆ ಹಿಡಿಯುವ ಮ್ಯಾಗಜೀನಿನ ಜಾಗದಲ್ಲಿ ಮರದ ತುಂಡು. ಮಾವನ ‘ಮಿಲ್ಟ್ರಿ ರೈಫಲ್ಲು’ ಈಗ ರೈಫಲ್ಲೇ ಅಲ್ಲ. ಅದು .410 ಮಸ್ಕೆಟ್: ಒಮ್ಮೆಗೆ ಒಂದೇ ಈಡು, ಹತ್ತಿರದ ಗುರಿಗೆ ಮಾತ್ರ.

ಇದು ತಯಾರಿಕೆಯ ದೋಷವಲ್ಲ, ಒಂದು ಆಡಳಿತದ ನಿರ್ಧಾರ. ಬ್ರಿಟಿಷರು ಒಳ್ಳೆಯ ಸೇನಾ ರೈಫಲ್‌ಗಳನ್ನೇ ತೆಗೆದುಕೊಂಡು, ನಳಿಗೆಯನ್ನು ನುಣ್ಣಗೆ ಮಾಡಿ, ಮ್ಯಾಗಜೀನ್ ಮುಚ್ಚಿ, ಇಲ್ಲಿನ ಪೊಲೀಸರಿಗೂ ಕಾವಲುಗಾರರಿಗೂ ಕೊಟ್ಟರು. ಕೆಲಸಕ್ಕೆ ಇಟ್ಟುಕೊಂಡವನ ಕೈಗೆ ಆಯುಧ ಕೊಡಬೇಕು, ಆದರೆ ಅವನು ತಿರುಗಿಬಿದ್ದರೆ ತಮಗೆ ಸಮನಾಗಬಾರದು. 1857ರ ನಂತರ ಸಿಪಾಯಿಗಳಿಗೆ ಕೊಟ್ಟ ಎನ್‌ಫೀಲ್ಡ್‌ಗಳಲ್ಲೂ ಹೀಗೇ ಬೇಕೆಂದೇ ಒಳಗೆರೆ ಇಲ್ಲದಂತೆ ಮಾಡಿದ್ದರು. ಖಾಸಗಿ ಜನರಿಗೆ .303 ನಿಷಿದ್ಧವಾಯಿತು, ಸೇನೆಯ ತೋಟೆ ಒಳಗೆ ಹೋಗದಂಥ.315 ರೈಫಲ್ ಅವರಿಗಾಗಿ ಬಂತು. ಸ್ವಾತಂತ್ರ್ಯ ಬಂದ ಮೇಲೂ ಆ ಗೆರೆ ಅಳಿಯಲಿಲ್ಲ. ಹಾಗಾಗಿ ಅಮೆರಿಕದಲ್ಲಿ ಸೇನೆಯ ಹಳೆಯ ರೈಫಲ್ ಅಂಗಡಿಗೆ ಬಂದಂತೆ ನಮ್ಮಲ್ಲಿ ಬರುವುದಿಲ್ಲ. ನಮಗೆ ದಕ್ಕಿದ್ದು ಹಲ್ಲು ಕಿತ್ತ ಹಾವು.

ಇದರಲ್ಲಿ ಗತ್ತು ಎಲ್ಲಿಂದ ಬಂತು? ಕರ್ನಾಟಕದ್ದೇ ಎರಡು ಉದಾಹರಣೆ ನೋಡಿ. 1857ರಲ್ಲಿ ನಿಶ್ಶಸ್ತ್ರೀಕರಣದ ಆಜ್ಞೆ ಬಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ಬೇಟೆಯೇ ಬದುಕಾದವರಿಗೆ ಅದು ಅನ್ನದ ಪ್ರಶ್ನೆ. ದಂಡು ಬಂತು, ಊರು ಸುಟ್ಟಿತು, ಮುಂದಾಳುಗಳು ಗಲ್ಲಿಗೇರಿದರು. ಲಾವಣಿಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ನಾಲ್ಕೇ ವರ್ಷದ ನಂತರ, 1861ರಲ್ಲಿ, ಮಾರ್ಕ್ ಕಬ್ಬನ್ ಕೊಡವರಿಗೆ ಅದೇ ಕಾನೂನಿನಿಂದ ವಿನಾಯಿತಿ ಕೊಟ್ಟರು. ಕಾರಣವಾಗಿ ಹೇಳಿದ್ದು ಅವರ ನಿಷ್ಠೆ, ಸರ್ಕಾರಕ್ಕೆ ಸಲ್ಲಿಸಿದ ಸೇವೆ. ಕೊಡವರ ಕೋವಿಪ್ರೀತಿ ಬ್ರಿಟಿಷರಿಗಿಂತ ಹಳೆಯದು, ಕೈಲ್‌ಪೊಳ್ದ್‌ನಲ್ಲಿ ಕೋವಿಗೆ ಹೂವಿಡುವವರ ಭಾವವನ್ನು ನಾನು ಹಳಿಯುತ್ತಿಲ್ಲ. ಆದರೆ 2029ರವರೆಗೆ ಮುಂದುವರಿದಿರುವ ಆ ವಿನಾಯಿತಿಯ ಬೇರು ಒಂದು ಸರ್ಕಾರದ ಮೆಚ್ಚುಗೆಯಲ್ಲಿದೆ ಎಂಬುದನ್ನೂ ಮರೆಯಬಾರದು. ಕೋವಿ ಯಾರ ಮನೆಯಲ್ಲಿ ಉಳಿಯಿತು ಎಂಬುದನ್ನು ಶೌರ್ಯವೊಂದೇ ತೀರ್ಮಾನಿಸಿದ್ದರೆ, ಹಲಗಲಿಯ ಮನೆಮನೆಯಲ್ಲೂ ಉಳಿಯಬೇಕಿತ್ತು.

‘ಇದೆಲ್ಲ ಹಳೆಯ ಪುರಾಣ, ನಮಗೆ ಬೆಳೆ ಕಾಯಬೇಕು’ ಅನ್ನುವವರಿದ್ದಾರೆ. ಕಾಯಿರಿ. ಆದರೆ ದಶಕಗಳ ಹಿಂದೆ ಮಾರ್ಪಡಿಸಿದ ನಳಿಗೆಯನ್ನು ಬಲ್ಲವರಿಗೆ ತೋರಿಸದೆ ತೋಟೆ ತುಂಬುವುದು ಕೆನ್ನೆಯ ಪಕ್ಕ ಸಿಡಿಮದ್ದು ಇಟ್ಟುಕೊಂಡಂತೆ. ‘ಆ್ಯಂಟಿಕ್, ಲಕ್ಷಗಟ್ಟಲೆ ಬರುತ್ತೆ’ ಅನ್ನುವವರು ಕಾನೂನು ಓದಲಿ. ಪುರಾತನ ಎಂಬ ಒಂದೇ ಕಾರಣಕ್ಕೆ ಕೋವಿಗೆ ಬಿಡುಗಡೆ ಇಲ್ಲ. ರಿಪೇರಿ ಮಾಡಿದರೂ ಹಾರಿಸಲಾಗದಂತಿದ್ದರೆ ಮಾತ್ರ ಇದೆ. ಇನ್ನು ಕಿರೀಟದ ಗುರುತು ಫಳಫಳ ಹೊಳೆಯಲೆಂದು ಮರಳುಕಾಗದದಿಂದ ಉಜ್ಜುವವರಂತೂ ಓದಬೇಕಾದ ಪುಟವನ್ನೇ ಅಳಿಸುತ್ತಾರೆ.

2019ರ ತಿದ್ದುಪಡಿ ಒಬ್ಬರಿಗೆ ಎರಡೇ ಬಂದೂಕು ಎಂದಿತು, ಪಿತ್ರಾರ್ಜಿತಕ್ಕೂ ಅದೇ ಮಿತಿ. ಹೆಚ್ಚಾದದ್ದನ್ನು ಒಪ್ಪಿಸಬೇಕು. ಬಂದೂಕು ಕಡಿಮೆಯಾಗುವುದಕ್ಕೆ ನನ್ನ ವಿರೋಧವಿಲ್ಲ, ಸಂತೋಷವೇ. ಓದದೆ ಕಳೆದುಕೊಳ್ಳುವುದಕ್ಕೆ ವಿರೋಧ. ತಾಳೆಗರಿಯನ್ನು, ಶಾಸನವನ್ನು ಹುಡುಕಿಕೊಂಡು ಊರೂರು ಅಲೆಯುವ ನಮ್ಮ ಇತಿಹಾಸ ವಿಭಾಗಗಳು ಅಟ್ಟದ ಮೇಲಿನ ಈ ಲೋಹದ ದಾಖಲೆಯ ಬಳಿಗೂ ಬರಬೇಕು. ಖರ್ಚೇನಿಲ್ಲ: ಮುದ್ರೆಗಳ ಫೋಟೋ, ಸಂಖ್ಯೆ, ಹಳೆಯ ಲೈಸೆನ್ಸ್ ಪುಸ್ತಕದ ಪ್ರತಿ, ಅದನ್ನು ಹಿಡಿದವರ ಬಾಯಿಂದ ನಾಲ್ಕು ಮಾತು. ನಂತರ ಕೋವಿ ಮಗಳ ಹೆಸರಿಗೆ ಹೋಗಲಿ, ಠಾಣೆಗೆ ಹೋಗಲಿ, ಮ್ಯೂಸಿಯಮ್ಮಿಗೆ ಹೋಗಲಿ.

ಮಾವ ಕೇಳಿದ ಪ್ರಶ್ನೆಗೆ ರೂಪಾಯಿಯಲ್ಲಿ ಉತ್ತರ ಹೇಳುವ ಅಂಗಡಿಯವರು ಬೇಕಾದಷ್ಟು ಜನ ಸಿಗುತ್ತಾರೆ. ನಮ್ಮ ಕೈಗೆ ಆಯುಧ ಕೊಟ್ಟವರು ನಮ್ಮನ್ನು ಎಷ್ಟು ನಂಬಿದ್ದರು ಎಂಬುದು ಮಾತ್ರ ಆ ನುಣ್ಣನೆಯ ನಳಿಗೆಯೊಳಗೇ ಇದೆ. ಬೆಲೆ ಕಟ್ಟುವ ಮುನ್ನ ಅದನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿ.