ಹಿರೇಬೇನೆ ಬಿದ್ದ ಹಿಂಡು: ಮಾರುವುದೋ, ಮುಚ್ಚಿಡುವುದೋ, ತಿಳಿಸುವುದೋ?

ಕುರಿ ಆಡುಗಳಿಗೆ ಬರುವ ಹಿರೇಬೇನೆಯನ್ನು ಹೇಗೆ ನಿಭಾಯಿಸಬೇಕು ಎಂಬ ವಿಷಯದಲ್ಲಿ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯ ಕುರಿಗಾರರಲ್ಲಿ ಒಮ್ಮತವಿಲ್ಲ. ಬೇನೆಯ ಹೆಸರು ಕೇಳದವರಿಲ್ಲ. ಸರಕಾರಿ ಕಾಗದಗಳಲ್ಲಿ ಇದನ್ನೇ ಪಿ.ಪಿ.ಆರ್. ಎನ್ನುತ್ತಾರೆ. ಆದರೆ ಹಿಂಡಿನೊಳಗೆ ಒಂದು ಕುರಿಯ ಮೂಗು ಸೋರತೊಡಗಿದ ದಿನ ಏನು ಮಾಡಬೇಕೆಂದು ಹತ್ತು ಜನ ಹಿರಿಯರನ್ನು ಕೇಳಿದರೆ ಮೂರು ತೆರನಾದ ಉತ್ತರ ಬರುತ್ತವೆ. ಮೂರಕ್ಕೂ ಅವರವರ ಅನುಭವದ ಬಲವಿದೆ. ಆದ್ದರಿಂದ ಯಾವುದನ್ನೂ ‘ಅಜ್ಞಾನ’ವೆಂದು ತಳ್ಳಿಹಾಕದೆ, ಯಾವುದು ಎಷ್ಟರಮಟ್ಟಿಗೆ ಸರಿ ಎಂಬುದನ್ನು ನೋಡುವುದು ಈ ಲೇಖನದ ಉದ್ದೇಶ.

ನಾನು ಪಶುವೈದ್ಯನಲ್ಲ, ಕೃಷಿ ಇಲಾಖೆಯ ವಿಸ್ತರಣಾ ಕೆಲಸದವನು. ಆದರೂ ಈ ಮಾತಿಗೆ ಬಾಯಿ ಹಾಕಲು ಕಾರಣವಿದೆ. ಸುಗ್ಗಿ ಮುಗಿದ ಮೇಲೆ ನಮ್ಮ ಎರೆ ಹೊಲಗಳಲ್ಲಿ ಕುರಿ ತರುಬಿಸುವ ಪದ್ಧತಿ ತಲೆತಲಾಂತರದಿಂದ ಬಂದದ್ದು. ರಾತ್ರಿಗಿಷ್ಟು ಎಂದು ರೈತ ಜೋಳವನ್ನೋ ರೊಕ್ಕವನ್ನೋ ಕೊಡುತ್ತಾನೆ, ಹೊಲಕ್ಕೆ ಹಿಕ್ಕಿ ಮತ್ತು ಮೂತ್ರದ ಗೊಬ್ಬರ ಸಿಗುತ್ತದೆ. ತಿಪ್ಪೆ ಗೊಬ್ಬರ ವರ್ಷ ವರ್ಷ ಕಡಿಮೆಯಾಗುತ್ತಿರುವ ಈ ಕಾಲದಲ್ಲಿ ಬಿಳಿಜೋಳ, ಕಡಲೆ ಬೆಳೆಯುವವನಿಗೆ ಇದು ಸಣ್ಣ ಲಾಭವಲ್ಲ. ಹಿಂಡು ಕರಗಿದರೆ ಕುರಿಗಾರನ ಜೊತೆಗೆ ಹೊಲವೂ ಬಡವಾಗುತ್ತದೆ.

ಮೊದಲು ಬೇನೆಯ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ಇದು ವಿಷಾಣುವಿನಿಂದ ಬರುವ ರೋಗ. ದನಗಳಿಗೆ ಬರುತ್ತಿದ್ದ ದೊಡ್ಡರೋಗದ ಹತ್ತಿರದ ಸಂಬಂಧಿ. ನಮ್ಮ ದೇಶದಲ್ಲಿ ಇದನ್ನು ಮೊದಲು ಗುರುತಿಸಿದ್ದು 1987ರಲ್ಲಿ, ತಮಿಳುನಾಡಿನಲ್ಲಿ. ವಿಷಾಣು ಮೈ ಹೊಕ್ಕ ನಾಲ್ಕರಿಂದ ಆರು ದಿನಗಳಲ್ಲಿ ಸಾಮಾನ್ಯವಾಗಿ ಜ್ವರ ಏರುತ್ತದೆ. ಕುರಿ ಮೇವು ಬಿಡುತ್ತದೆ, ಕಣ್ಣಲ್ಲಿ ಪಿಚ್ಚು, ಮೂಗಿನಲ್ಲಿ ಸಿಂಬಳ, ಬಾಯಲ್ಲಿ ಹುಣ್ಣು ಮತ್ತು ದುರ್ವಾಸನೆ. ಆಮೇಲೆ ಬೇಧಿ, ಕೆಮ್ಮು, ಏದುಸಿರು. ಗಬ್ಬದ ಕುರಿಗಳು ಕಂದು ಹಾಕುತ್ತವೆ. ಹಿಂದೆ ಈ ಬೇನೆ ಕಾಣದ, ಲಸಿಕೆಯೂ ಇಲ್ಲದ ಹಿಂಡಿಗೆ ಬಿದ್ದರೆ ಅರ್ಧಕ್ಕಿಂತ ಹೆಚ್ಚು ಸತ್ತರೂ ಆಶ್ಚರ್ಯವಿಲ್ಲ. ಮರಿಗಳು ಮೊದಲು ಹೋಗುತ್ತವೆ. ಬದುಕಿ ಉಳಿದ ಕುರಿಗೆ ಮತ್ತೆ ಈ ಬೇನೆ ಬರುವುದಿಲ್ಲ ಎಂಬುದೂ ನಿಜ. ಹರಡುವುದು ಮುಖ್ಯವಾಗಿ ಉಸಿರಿನಿಂದ, ಸಿಂಬಳ, ಜೊಲ್ಲು, ಹಿಕ್ಕಿಗಳಿಂದ. ಅಂದರೆ ಕುರಿಗೆ ಕುರಿ ತಾಗುವಷ್ಟು ಹತ್ತಿರ ಬಂದಾಗ. ಬಿಸಿಲಿಗೆ ಬಿದ್ದ ವಿಷಾಣು ಬಹಳ ದಿನ ಬದುಕುವುದಿಲ್ಲ. ಇದು ನಮ್ಮ ಬಯಲುಸೀಮೆಗೆ ದೇವರು ಕೊಟ್ಟ ಅನುಕೂಲ.

ಈಗ ಕುರಿಗಾರರ ಮಾತಿಗೆ ಬರೋಣ.

ಮೊದಲನೆಯ ಪಕ್ಷದವರದು ‘ತಡಮಾಡದೆ ಮಾರು’ ಎಂಬ ವಾದ. ಎರಡು ಕುರಿ ಮೂಗು ಸುರಿಸಿದವೆಂದರೆ ನಾಳೆ ಇಪ್ಪತ್ತು ಸುರಿಸುತ್ತವೆ. ಇನ್ನೂ ಗಟ್ಟಿಯಾಗಿರುವಾಗಲೇ ಅಮೀನಗಡ ಅಥವಾ ಕೆರೂರ ಸಂತೆಗೆ ಹೊಡೆದು ಬಂದಷ್ಟು ರೊಕ್ಕ ಕಟ್ಟಿಕೊಳ್ಳುವುದು ಜಾಣತನ ಎನ್ನುತ್ತಾರೆ. ಈ ಬೇನೆ ಮನುಷ್ಯರಿಗೆ ಬರುವುದಿಲ್ಲ, ಆದ್ದರಿಂದ ಮಾರಿದ್ದರಲ್ಲಿ ಪಾಪವಿಲ್ಲ ಎಂಬುದು ಅವರ ಸಮಾಧಾನ. ಮನುಷ್ಯರಿಗೆ ಬರುವುದಿಲ್ಲ ಎಂಬ ಮಾತು ಸರಿಯಾದದ್ದೇ. ಆದರೆ ಸಂತೆಗೆ ಬಂದ ಕುರಿಗಳೆಲ್ಲ ಅಂದೇ ಕಟುಕರ ಕೈಗೆ ಹೋಗುವುದಿಲ್ಲವಲ್ಲ! ಮರಿ ಕೊಂಡು ಸಾಕುವವರು, ಟಗರು ಕೊಂಡು ಹಿಂಡಿಗೆ ಬಿಡುವವರು ಅಲ್ಲಿಯೇ ಇರುತ್ತಾರೆ. ಒಂದೇ ದಾವಣಿಯಲ್ಲಿ ಅರ್ಧ ದಿನ ನಿಂತ ರೋಗದ ಕುರಿ ಸುತ್ತಲಿನ ಕುರಿಗಳ ಮೇಲೆ ಉಸಿರು ಬಿಟ್ಟಿರುತ್ತದೆ. ಸಂಜೆಗೆ ಆ ಕುರಿಗಳು ಟಂಟಂ, ಲಾರಿ ಏರಿ ಹತ್ತೂರು ಸೇರುತ್ತವೆ. ಸಂತೆಯಲ್ಲಿ ಬಿಟ್ಟುಬಂದ ಬೇನೆ ಮುಂದಿನ ತಿಂಗಳು ಬೀಗರ ಹಿಂಡಿಗೆ ಬಂದು, ಅಲ್ಲಿಂದ ತಿರುಗಿ ತನ್ನ ಮರಿಗಳಿಗೇ ಬರುವುದನ್ನು ಕುರಿಗಾರ ಕಣ್ಣಾರೆ ಕಂಡಿದ್ದಾನೆ. ಕಂಡರೂ ಮಾರುತ್ತಾನೆ. ಏಕೆಂದರೆ ಸತ್ತ ಕುರಿಗೆ ಬೆಲೆ ಇಲ್ಲ. ಇದು ಅವನ ಸ್ವಾರ್ಥವೆಂದು ಬೈಯುವವರು ಮೊದಲು ಅವನ ಸಾಲದ ಲೆಕ್ಕ ನೋಡಲಿ.

ಎರಡನೆಯ ಪಕ್ಷದವರು ‘ಹಟ್ಟಿ ಕಿತ್ತು ನಡೆ’ ಎನ್ನುವವರು. ಆ ಜಾಗಕ್ಕೆ ಬೇನೆ ಬಿದ್ದಿದೆ, ಜಾಗ ಬದಲಿಸಿದರೆ ಬೇನೆ ಹಿಂದೆ ಉಳಿಯುತ್ತದೆ ಎಂಬ ನಂಬಿಕೆ. ಬೀರದೇವರ ಭಂಡಾರ ಹಚ್ಚಿ, ಯಾರಿಗೂ ಹೇಳದೆ ರಾತ್ರೋರಾತ್ರಿ ಮುಂದಿನ ಊರಿನ ಗಡಿ ದಾಟುತ್ತಾರೆ. ಭಂಡಾರ ಹಚ್ಚುವುದು ಬೇಡವೆಂದು ನಾನು ಹೇಳುವುದಿಲ್ಲ. ಅದು ಮನಸ್ಸಿನ ಧೈರ್ಯದ ಮಾತು. ಆದರೆ ಜಾಗ ಬಿಡುವ ಪದ್ಧತಿ ಚಪ್ಪೆಬೇನೆಯಂಥ, ನೆಲದಲ್ಲಿ ಉಳಿಯುವ ರೋಗಗಳಿಗೆ ಹೊಂದುವಷ್ಟು ಈ ಬೇನೆಗೆ ಹೊಂದುವುದಿಲ್ಲ. ಹಿರೇಬೇನೆ ಇರುವುದು ಕುರಿಯ ಮೈಯಲ್ಲಿ. ನಡೆಯುವ ಹಿಂಡಿನೊಂದಿಗೆ ಅದೂ ನಡೆಯುತ್ತದೆ. ಮೇಲಾಗಿ ಜ್ವರದ ಕುರಿಯನ್ನು ಹರದಾರಿಗಟ್ಟಲೆ ಓಡಿಸಿದರೆ ಬದುಕುವ ಕುರಿಯೂ ಸಾಯುತ್ತದೆ. ನೆರಳು, ನೀರು, ತೆಳ್ಳಗಿನ ಅಂಬಲಿ, ವೈದ್ಯರು ಹೇಳಿದ ಸೂಜಿ ಮದ್ದು ಇವುಗಳಿಂದ ಸಾವು ಕಡಿಮೆಯಾಗುತ್ತದೆ. ಸೂಜಿ ಮದ್ದು ವಿಷಾಣುವನ್ನು ಕೊಲ್ಲುವುದಿಲ್ಲ; ಅದರ ಬೆನ್ನಿಗೆ ಬರುವ ಪುಪ್ಪುಸದ ರೋಗವನ್ನು ತಡೆಯುತ್ತದೆ. ಇಷ್ಟು ಆರೈಕೆ ಮಾಡಲು ಒಂದು ಕಡೆ ನಿಂತಿರಬೇಕಾಗುತ್ತದೆ.

ಮೂರನೆಯವರು, ತಿಳಿಸಿ ಲಸಿಕೆ ಹಾಕಿಸೋಣ ಎನ್ನುವವರು. ಇವರ ಸಂಖ್ಯೆ ಹೆಚ್ಚುತ್ತಿದೆ, ಆದರೆ ಇವರೇ ಹೆಚ್ಚು ನಿರಾಶರಾಗಿರುವುದನ್ನೂ ಕಂಡಿದ್ದೇನೆ. ‘ಲಸಿಕಿ ಹಾಕಿಸಿದ ಮ್ಯಾಲೇ ಕುರಿ ಸತ್ತಾವ್ರೀ’ ಎಂಬ ಮಾತು ಹಟ್ಟಿ ಹಟ್ಟಿಯಲ್ಲಿ ಕೇಳಿಬರುತ್ತದೆ. ಈ ಮಾತನ್ನು ಅಲ್ಲಗಳೆದು ಪ್ರಯೋಜನವಿಲ್ಲ, ಬಿಡಿಸಿ ನೋಡಬೇಕು. ಬೇನೆ ಬಿದ್ದ ಮೇಲೆ ಲಸಿಕೆ ಹಾಕಿಸಿದರೆ, ಆಗಲೇ ವಿಷಾಣು ಮೈ ಹೊಕ್ಕ ಕುರಿಗಳು ಹೊರಗೆ ಚೆನ್ನಾಗಿಯೇ ಕಾಣುತ್ತಿರುತ್ತವೆ. ಲಸಿಕೆ ಕೆಲಸ ಮಾಡಲು ದಿನಗಳು ಬೇಕು, ರೋಗ ಅದಕ್ಕಿಂತ ಮುಂದೆ ಓಡಿರುತ್ತದೆ. ಇಂದು ಲಸಿಕೆ, ನಾಲ್ಕನೆಯ ದಿನ ಜ್ವರ. ಅಪವಾದ ಲಸಿಕೆಗೆ ಬರುತ್ತದೆ. ಎರಡನೆಯದಾಗಿ, ಇದು ಜೀವಂತ ಲಸಿಕೆ, ತಂಪಿನಲ್ಲಿಯೇ ಇರಬೇಕು. ಕರಗಿಸಿದ ಮೇಲೆ ಬರ್ಫದ ಮೇಲಿಟ್ಟುಕೊಂಡು ಬೇಗ ಹಾಕಿ ಮುಗಿಸಬೇಕು. ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನದವರೆಗೆ ಚೀಲದಲ್ಲಿ ತಿರುಗಿದ ಲಸಿಕೆ ಬರೀ ನೀರು. ಲಸಿಕೆ ಹಾಕಲು ಬಂದವರ ಹತ್ತಿರ ಬರ್ಫದ ಡಬ್ಬಿ ಇದೆಯೇ ಎಂದು ಕೇಳುವುದು ಕುರಿಗಾರನ ಹಕ್ಕು, ಕೇಳಿದರೆ ಯಾರೂ ಸಿಟ್ಟಾಗಬಾರದು.

ಮೂರನೆಯ ಕಾರಣ ಎಲ್ಲಕ್ಕಿಂತ ದೊಡ್ಡದು. ಕುರಿ ಸಾಯುವುದು ಹಿರೇಬೇನೆಯೊಂದರಿಂದಲೇ ಅಲ್ಲ. ಮೊದಲ ಮಳೆಯ ಎಳೆ ಹುಲ್ಲು ತಿಂದು, ರಾತ್ರಿ ಚೆನ್ನಾಗಿದ್ದ ಕೊಬ್ಬಿದ ಮರಿ ಬೆಳಗಾಗುವುದರೊಳಗೆ ಸತ್ತಿದ್ದರೆ ಅದು ಬಹುತೇಕ ಕರುಳುಬೇನೆ. ಮಳೆಗಾಲದಲ್ಲಿ ಗುಂಗಾಡು ಹೆಚ್ಚಿದಾಗ ಮುಖ ಊದಿ, ಕುಂಟುವುದು ನೀಲಿ ನಾಲಿಗೆ ರೋಗ. ಮೈಮೇಲೆ ಗುಳ್ಳೆ ಎದ್ದರೆ ಸಿಡುಬು. ಪ್ರತಿಯೊಂದಕ್ಕೂ ಬೇರೆ ಬೇರೆ ಲಸಿಕೆ. ಹಿರೇಬೇನೆಯ ಲಸಿಕೆ ಹಾಕಿಸಿದ ಕುರಿ ಕರುಳುಬೇನೆಯಿಂದ ಸತ್ತರೆ ಲಸಿಕೆ ಸೋತಿತೆಂದು ಅರ್ಥವಲ್ಲ. ಜೋಳಕ್ಕೆ ಕಾಡಿಗೆ ರೋಗದ ಔಷಧಿ ಹಚ್ಚಿ ಬಿತ್ತಿದವನು ಸುಳಿನೊಣ ಬಂತೆಂದು ಆ ಔಷಧಿಯನ್ನು ಬೈದಂತೆ ಆಗುತ್ತದೆ. ಇದನ್ನು ಬಿಡಿಸಿ ಹೇಳುವ ಕೆಲಸ ನಮ್ಮ ಇಲಾಖೆಗಳಿಂದ ಆಗಬೇಕಾದಷ್ಟು ಆಗಿಲ್ಲ. ಕಾರ್ಡಿನಲ್ಲಿ ಬರೀ ‘ಲಸಿಕೆ ಹಾಕಿದೆ’ ಎಂದು ಬರೆದರೆ ಸಾಲದು, ಯಾವ ಬೇನೆಗೆ, ಯಾವ ತಾರೀಖಿಗೆ ಎಂದೂ ಬರೆಯಬೇಕು.

ಲಸಿಕೆಯ ಬಲವನ್ನು ಮಾತ್ರ ಸಂಶಯಿಸಬೇಕಿಲ್ಲ. ಮುಕ್ತೇಶ್ವರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯವರು ಸಿದ್ಧಪಡಿಸಿದ ‘ಸುಂಗ್ರಿ 96’ ತಳಿಯ ಲಸಿಕೆಯನ್ನು ಸರಿಯಾಗಿ ಒಮ್ಮೆ ಹಾಕಿದರೆ ಕನಿಷ್ಠ ಮೂರು ವರ್ಷ ರಕ್ಷಣೆಯಿದೆ. ನಮ್ಮ ರಾಜ್ಯದಲ್ಲಿ ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯೂ ಈ ಲಸಿಕೆ ತಯಾರಿಸುತ್ತದೆ. ದೊಡ್ಡರೋಗವನ್ನು ಇಂಥ ಲಸಿಕೆಯಿಂದಲೇ ಅಳಿಸಿದ್ದು. 2011ರಲ್ಲಿ ಅದು ಭೂಮಿಯ ಮೇಲಿಂದಲೇ ಹೋಯಿತೆಂದು ಘೋಷಿಸಲಾಯಿತು. ಹಿರೇಬೇನೆಯನ್ನೂ 2030ರೊಳಗೆ ಹಾಗೆಯೇ ಅಳಿಸಬೇಕೆಂದು ಜಗತ್ತಿನ ದೇಶಗಳು 2015ರಲ್ಲಿ ಗುರಿ ಇಟ್ಟುಕೊಂಡಿವೆ.

ಇನ್ನೊಂದು ವಾದ ಇತ್ತೀಚೆಗೆ ಕೇಳಿಬರುತ್ತಿದೆ. ಹೊಲಕ್ಕೆ ಬರುವ ಚಿಗರಿಗಳಿಂದ ಬೇನೆ ಬರುತ್ತದೆ, ಅವನ್ನು ಓಡಿಸಿದರೆ ಕುರಿ ಉಳಿಯುತ್ತವೆ ಎಂಬುದು. ಚಿಗರಿ ಬೆಳೆ ತಿನ್ನುತ್ತದೆ, ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಈ ಅಪವಾದದಲ್ಲಿ ಹುರುಳಿಲ್ಲ. ಬೇನೆ ಸಾಮಾನ್ಯವಾಗಿ ಕುರಿ ಆಡುಗಳಿಂದ ಕಾಡಿನ ಪ್ರಾಣಿಗಳಿಗೆ ಹೋಗುತ್ತದೆ. ಮಂಗೋಲಿಯಾ ದೇಶದಲ್ಲಿ 2016ರಲ್ಲಿ ಮೊದಲು ಸಾಕುಪ್ರಾಣಿಗಳಲ್ಲಿ ಹಿರೇಬೇನೆ ಕಾಣಿಸಿತು. ಆ ಚಳಿಗಾಲದಲ್ಲಿ ಸೈಗಾ ಎಂಬ ಅಪರೂಪದ ಹುಲ್ಲೆಗಳು ಸಾವಿರಗಟ್ಟಲೆ ಸತ್ತವು. ನಮ್ಮ ಜಿಲ್ಲೆಯಲ್ಲಿಯೇ, ಬೀಳಗಿ ಮುಧೋಳ ತಾಲೂಕುಗಳ ನಡುವೆ ಯಡಹಳ್ಳಿ ಚಿಂಕಾರ ವನ್ಯಧಾಮವಿದೆ. ಅದರ ಅಂಚಿನಲ್ಲಿ ಮೇಯುವ ಹಿಂಡಿಗೆ ಬೇನೆ ಬಿದ್ದರೆ ಅಲ್ಲಿನ ಹುಲ್ಲೆಗಳಿಗೆ ಲಸಿಕೆ ಹಾಕುವವರು ಯಾರು? ಅಲ್ಲಿನ ಹಿಂಡುಗಳಿಗೆ ಲಸಿಕೆ ಹಾಕುವುದೊಂದೇ ದಾರಿ. ಚಿಗರಿಗೆ ಕೈ ಎತ್ತುವುದು 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧ ಎಂಬುದನ್ನೂ ಮರೆಯಬಾರದು.

ಅಮೆರಿಕಾದಲ್ಲಿ ಜಿಂಕೆಗಳಿಗೆ ಬರುವ ಕ್ಷಯಿಸಿ ಸಾಯುವ ರೋಗದ ವಿಷಯ ಇಲ್ಲಿ ನೆನೆಯುವಂಥದು. 1967ರಲ್ಲಿ ಕೊಲೊರಾಡೊ ರಾಜ್ಯದಲ್ಲಿ ಮೊದಲು ಕಂಡ ಈ ರೋಗಕ್ಕೆ ಮದ್ದೂ ಇಲ್ಲ, ಲಸಿಕೆಯೂ ಇಲ್ಲ. ಬಂದ ಜಿಂಕೆ ಉಳಿಯುವುದೇ ಇಲ್ಲ, ರೋಗದ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅಲ್ಲಿ ಬೇಟೆಗೆ ಪರವಾನಗಿ ಉಂಟು. 2002ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ರೋಗ ಪತ್ತೆಯಾದಾಗ, ಆ ಭಾಗದ ಜಿಂಕೆಗಳನ್ನು ಬಹುಪಾಲು ಹೊಡೆದುಹಾಕಿ ಬೇರನ್ನೇ ಕೀಳೋಣವೆಂದು ಸರಕಾರ ಹೊರಟಿತು. ಬೇಟೆಗಾರರಲ್ಲೇ ಎರಡು ಪಕ್ಷವಾಯಿತು. ಹೊಡೆಯದಿದ್ದರೆ ಮುಂದಿನವರಿಗೆ ಜಿಂಕೆಯೇ ಇರುವುದಿಲ್ಲ ಎಂದು ಕೆಲವರು, ಎಲ್ಲವನ್ನೂ ಹೊಡೆದರೆ ಇನ್ನೇನು ಉಳಿಯಿತು ಎಂದು ಕೆಲವರು. ಜಮೀನಿನ ಒಡೆಯರು ಸಹಕರಿಸದೆ ಆ ಯೋಜನೆ ಕೆಲ ವರ್ಷಗಳಲ್ಲಿ ನಿಂತುಹೋಯಿತು, ರೋಗ ಉಳಿಯಿತು. ಭಾರತದಲ್ಲಿ ಆ ರೋಗ ಕಂಡುಬಂದಿಲ್ಲ. ನಮ್ಮ ಬೇನೆಗೆ ಲಸಿಕೆಯುಂಟು, ಬಿಸಿಲೇ ವಿಷಾಣುವನ್ನು ಕೊಲ್ಲುತ್ತದೆ. ಅಷ್ಟು ಕೆಟ್ಟ ಸ್ಥಿತಿಯಲ್ಲಿ ನಾವಿಲ್ಲ. ಆದರೆ ಪ್ರಾಣಿಯ ಹತ್ತಿರ ಇರುವವನ ಮನಸ್ಸು ಗೆಲ್ಲದೆ ಕಚೇರಿಯಲ್ಲಿ ಮಾಡಿದ ಯೋಜನೆ ನಡೆಯುವುದಿಲ್ಲ ಎಂಬ ಮಾತು ಅಲ್ಲಿಗೂ ಇಲ್ಲಿಗೂ ಒಂದೇ.

ಕಾಯ್ದೆ ನಮ್ಮಲ್ಲೂ ಇದೆ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯಂತೆ ಇಂಥ ಬೇನೆ ಕಂಡ ಒಡೆಯ ಗ್ರಾಮ ಪಂಚಾಯತಿಗೆ ಅಥವಾ ಊರಿನ ಅಧಿಕಾರಿಗೆ ತಿಳಿಸಲೇಬೇಕು. ತಿಳಿಸಿದವನಿಗೆ ಆಗುವುದೇನು? ಊರಿನವರು ಹಟ್ಟಿ ಎಬ್ಬಿಸುತ್ತಾರೆ, ತರುಬಿಗೆ ಕರೆದ ರೈತ ಬೇಡವೆನ್ನುತ್ತಾನೆ, ದಲ್ಲಾಳಿ ಅರ್ಧ ಬೆಲೆಗೆ ಕೇಳುತ್ತಾನೆ. ಸತ್ಯ ಹೇಳಿದವನಿಗೆ ಶಿಕ್ಷೆ, ಮುಚ್ಚಿಟ್ಟವನಿಗೆ ಲಾಭ. ಇದನ್ನು ತಿರುಗಿಸದೆ ಎಷ್ಟು ಭಾಷಣ ಮಾಡಿದರೂ ಗಾಳಿಗೆ ಹೇಳಿದಂತೆ.

ಹೀಗಾಗಿ ನನ್ನ ಅಭಿಪ್ರಾಯ ಇಷ್ಟು. ಬೇನೆ ತಿಳಿಸಿದ ಹಿಂಡಿಗೆ ಗಾಂವಠಾಣಾ ಜಾಗದಲ್ಲಿ ಮೂರು ವಾರ ನಿಲ್ಲಲು ಪಂಚಾಯತಿ ಎಡೆ ಕೊಡಬೇಕು, ಬೇರೆ ಹಿಂಡು ಬಾರದ ನೀರಿನ ತೊಟ್ಟಿಯೊಂದನ್ನು ತೋರಿಸಬೇಕು. ಸತ್ತ ಕುರಿಗಳಿಗೆ ಆಳವಾದ ಗುಂಡಿ ಮತ್ತು ಸುಣ್ಣದ ವ್ಯವಸ್ಥೆ ಅಲ್ಲಿಯೇ ಆಗಬೇಕು. ಹಳ್ಳಕ್ಕೆ ಎಸೆದರೆ ನಾಯಿಗಳು ಊರ ತುಂಬ ಎಳೆದಾಡುತ್ತವೆ. 2023ರಲ್ಲಿ ಸರಕಾರ ಮತ್ತೆ ಆರಂಭಿಸಿದ ಅನುಗ್ರಹ ಯೋಜನೆಯ ಪರಿಹಾರಕ್ಕೆ ಪಶುವೈದ್ಯರ ವರದಿ ಬೇಕಾಗುತ್ತದೆ. ಆದ್ದರಿಂದ ಹಿಂಡು ಎಲ್ಲಿದೆಯೋ ಅಲ್ಲಿಗೇ ವೈದ್ಯರು ಬರುವಂತಾಗಬೇಕು, ಕುರಿಗಾರ ಸತ್ತ ಕುರಿ ಹೊತ್ತು ತಾಲೂಕಿಗೆ ಅಲೆಯುವಂತಾಗಬಾರದು. 1962 ಸಂಖ್ಯೆಗೆ ಫೋನು ಮಾಡಿದರೆ ಪಶು ಚಿಕಿತ್ಸಾ ವಾಹನ ಕರೆಸಬಹುದೆಂಬುದು ಹಲವು ಹಟ್ಟಿಗಳಿಗೆ ಇನ್ನೂ ತಿಳಿದಿಲ್ಲ. ಒಂದು ಎಚ್ಚರಿಕೆ: ಕುರಿ ಒಮ್ಮೆಲೇ ಬಿದ್ದು ಸತ್ತು, ಮೂಗು ಗುದದಿಂದ ಕಪ್ಪು ರಕ್ತ ಬಂದಿದ್ದರೆ ಅದು ಅಂಥ್ರಾಕ್ಸ್ ಎನ್ನುವ ನೆರಡಿ ರೋಗವಿರಬಹುದು. ಅದು ಮನುಷ್ಯರಿಗೂ ಬರುತ್ತದೆ. ಅಂಥದನ್ನು ಸೀಳಬಾರದು, ಸುಲಿಯಬಾರದು, ತಿನ್ನಬಾರದು.

ಸಂತೆ ಮುಚ್ಚಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ. 2022ರಲ್ಲಿ ಚರ್ಮಗಂಟು ರೋಗಕ್ಕಾಗಿ ದನಗಳ ಸಂತೆ ಜಾತ್ರೆ ನಿಲ್ಲಿಸಿದ್ದು ಎಲ್ಲರಿಗೂ ನೆನಪಿದೆ. ದನಕ್ಕೆ ಅದು ಅನಿವಾರ್ಯವಿತ್ತೇನೋ. ಆದರೆ ವಾರದ ಖರ್ಚಿಗೆ ಎರಡು ಮರಿ ಮಾರುವ ಕುರಿಗಾರನಿಗೆ ಸಂತೆ ನಿಂತರೆ ವ್ಯಾಪಾರ ರಸ್ತೆ ಬದಿಗೆ, ಕತ್ತಲೆಗೆ ಹೋಗುತ್ತದೆ. ಅದಕ್ಕಿಂತ ಸಂತೆಯ ಬಾಗಿಲಲ್ಲಿ ಮೂಗು, ಬಾಯಿ ನೋಡಿ ಒಳಗೆ ಬಿಡಲು ಒಬ್ಬ ಬಲ್ಲವರನ್ನು ನಿಲ್ಲಿಸುವುದು ಮೇಲು.

ರೈತ ಬಾಂಧವರಿಗೂ ಒಂದು ಮಾತು. ಕುರಿ ತರುಬಿಸುವಾಗ ರಾತ್ರಿಗೆ ಎಷ್ಟು ಎಂದು ಚೌಕಾಸಿ ಮಾಡುತ್ತೇವೆ, ಲಸಿಕೆಯ ಕಾರ್ಡು ಇದೆಯೇ ಎಂದು ಒಬ್ಬರೂ ಕೇಳುವುದಿಲ್ಲ. ಕಾರ್ಡು ತೋರಿಸಿದ ಹಿಂಡಿಗೆ ನಾಲ್ಕು ಸೇರು ಜೋಳ ಹೆಚ್ಚು ಕೊಡಿರಿ. ನಮ್ಮ ಮನೆಯ ಹಿತ್ತಲಲ್ಲಿಯೂ ಎರಡು ಆಡು ಕಟ್ಟಿರುತ್ತೇವೆ, ಅವಕ್ಕೂ ಅದೇ ಬೇನೆ ತಗಲುತ್ತದೆ. ಮನೆಯ ಆಡುಗಳನ್ನು ಲಸಿಕೆಗೆ ಒಯ್ಯದೆ ಬರೀ ಹಟ್ಟಿಯವರನ್ನು ದೂರುವುದು ನ್ಯಾಯವಲ್ಲ.

ಲಸಿಕೆಗೆ ಸರಿಯಾದ ಸಮಯ ಹಿಂಡುಗಳು ಊರು ಬಿಡುವ ಮುಂಚೆ, ಎಲ್ಲ ಕುರಿ ಒಂದೆಡೆ ಇರುವಾಗ. ನಾಲ್ಕು ತಿಂಗಳು ತುಂಬಿದ ಮರಿಗಳನ್ನು ಬಿಡಬಾರದು. ಹಿಂದಿನ ಸಲ ಹಾಕಿಸಿದ್ದೇವೆ ಎನ್ನುವ ಹಿಂಡಿನಲ್ಲಿಯೂ ಆಮೇಲೆ ಹುಟ್ಟಿದ ಮರಿಗಳು ಬರಿಗೈಲಿರುತ್ತವೆ, ಬೇನೆ ಹಿಡಿಯುವುದು ಅವನ್ನೇ. ಹಿಂಡು ಹೊರಡುವ ವಾರ ನೋಡಿಕೊಂಡು ಊರಿನ ಹಿರಿಯರು ಪಶು ಆಸ್ಪತ್ರೆಗೆ ಒಂದು ಅರ್ಜಿ ಕೊಡಲಿ. ಅರ್ಜಿಯಲ್ಲಿ ಕುರಿ ಎಷ್ಟು, ಆಡು ಎಷ್ಟು, ಮರಿ ಎಷ್ಟು ಎಂದು ಬರೆದಿರಲಿ, ಬರುವವರು ಲಸಿಕೆಯನ್ನು ಲೆಕ್ಕಕ್ಕೆ ಸರಿಯಾಗಿ ತರುತ್ತಾರೆ. ಲಸಿಕೆ ಹಾಕುವುದು ಬೆಳಗಿನ ತಂಪಿನಲ್ಲಿ, ಕುರಿ ದಡ್ಡಿಯಿಂದ ಹೊರಬೀಳುವ ಮುಂಚೆಯೇ ಆಗಲಿ.