ಗಂಜಾಂ ದಾಟಿದ ಕೇಬಲ್: ಬ್ರಾಡ್‌ಬ್ಯಾಂಡ್ ಅನುದಾನಕ್ಕೆ ಅರ್ಜಿ ಹಾಕುವವರು ಯಾರು?

ಶ್ರೀರಂಗಪಟ್ಟಣ: ಗಂಜಾಂನ ನಿಮಿಷಾಂಬ ದೇವಾಲಯದ ಎದುರು ಹೂವು, ಹಣ್ಣುಕಾಯಿ ಮಾರುವವರ ಬುಟ್ಟಿಯ ಪಕ್ಕದಲ್ಲಿ ಕ್ಯೂಆರ್ ಫಲಕವೊಂದು ಕಂಡರೆ ಇಂದು ಯಾರೂ ಸೋಜಿಗಪಡುವುದಿಲ್ಲ. ಮೈಸೂರು ಹತ್ತಿರ, ರೈಲು ಮಾರ್ಗ ಹತ್ತಿರ, ಹೆದ್ದಾರಿ ಹತ್ತಿರ. ದಿನವೂ ಭಕ್ತರು, ಪ್ರವಾಸಿಗರು ಬಂದು ಹೋಗುವ ಇಂತಹ ಸ್ಥಳಕ್ಕೆ ಖಾಸಗಿ ದೂರಸಂಪರ್ಕ ಕಂಪೆನಿಗಳು ಯಾರೂ ಕರೆಯದಿದ್ದರೂ ಬರುತ್ತವೆ. ಆದರೆ ಗಂಜಾಂ ಸೇರಿರುವ ಪಾಂಡವಪುರ ಉಪವಿಭಾಗದಲ್ಲಿಯೇ ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಒಳಭಾಗಕ್ಕೆ ಸರಿದಂತೆಲ್ಲ ಲೆಕ್ಕಾಚಾರ ಬದಲಾಗುತ್ತದೆ. ಎಳೆಯಬೇಕಾದ ಕೇಬಲ್ಲಿನ ಉದ್ದ ಹೆಚ್ಚುತ್ತದೆ, ಬಿಲ್ಲು ಕಟ್ಟುವ ಮನೆಗಳ ಸಂಖ್ಯೆ ಇಳಿಯುತ್ತದೆ. ಈ ಅಂತರವನ್ನು ತುಂಬಲೆಂದೇ ಸರ್ಕಾರ ಎರಡು ದಶಕಗಳಿಂದ ಅನುದಾನ ನೀಡುತ್ತ ಬಂದಿದೆ.

ಆದರೂ ಒಂದು ಪ್ರಶ್ನೆಗೆ ಇಂದಿಗೂ ಸ್ಪಷ್ಟ ಉತ್ತರ ದೊರೆತಿಲ್ಲ. ಅನುದಾನ ಬೇಕೆಂದು ಕೇಳಬೇಕಾದವರು ಯಾರು? ಅಂತರ್ಜಾಲ ಸಂಪರ್ಕವಿಲ್ಲದ ಊರಿನ ಜನರೇ, ಗ್ರಾಮ ಪಂಚಾಯಿತಿಯೇ, ಅಥವಾ ಕೇಬಲ್ ಎಳೆಯುವ ಗುತ್ತಿಗೆದಾರರೇ? ಇದುವರೆಗಿನ ಯೋಜನೆಗಳನ್ನು ಗಮನಿಸಿದರೆ, ಅರ್ಜಿಯ ನಮೂನೆಯಲ್ಲಿ ಮೊದಲ ಇಬ್ಬರಿಗೆ ಕಾಲಂ ಇದ್ದಂತೆ ಕಾಣುವುದಿಲ್ಲ.

ಹಣದ ಮೂಲ

ಗ್ರಾಮೀಣ ಬ್ರಾಡ್‌ಬ್ಯಾಂಡ್‌ಗೆ ಹರಿಯುವ ಹಣ ಕೇವಲ ಸರ್ಕಾರದ ಔದಾರ್ಯವಲ್ಲ. ದೂರಸಂಪರ್ಕ ಕಂಪೆನಿಗಳು ತಮ್ಮ ಹೊಂದಾಣಿಕೆಗೊಂಡ ಒಟ್ಟು ಆದಾಯದಲ್ಲಿ ಶೇಕಡ 5ರಷ್ಟನ್ನು ಇದಕ್ಕಾಗಿ ಸಲ್ಲಿಸುತ್ತವೆ. ಕಂಪೆನಿಗಳ ಆದಾಯವೆಂದರೆ ಅಂತಿಮವಾಗಿ ಚಂದಾದಾರರ ಬಿಲ್ಲು ಮತ್ತು ರೀಚಾರ್ಜ್. ಬೆಂಗಳೂರಿನ ಚಂದಾದಾರನೂ ನಾಗಮಂಗಲದ ಚಂದಾದಾರನೂ ಇದರಲ್ಲಿ ಸಮಾನ ಪಾಲುದಾರರು.

2002ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಈ ವ್ಯವಸ್ಥೆಗೆ 2003ರ ಟೆಲಿಗ್ರಾಫ್ ತಿದ್ದುಪಡಿ ಕಾಯಿದೆಯು ಶಾಸನಬದ್ಧ ಸ್ಥಾನ ನೀಡಿತು. ಸಾರ್ವತ್ರಿಕ ಸೇವಾ ಬಾಧ್ಯತಾ ನಿಧಿ ಎಂಬ ಹೆಸರಿನಲ್ಲಿ ಆರಂಭವಾದ ನಿಧಿಯು ಮೊದಲು ಹಳ್ಳಿಯ ಸಾರ್ವಜನಿಕ ದೂರವಾಣಿಗಳಿಗೆ ನೆರವಾಯಿತು. 2006ರ ತಿದ್ದುಪಡಿಯ ನಂತರ ಮೊಬೈಲ್ ಮತ್ತು ಬ್ರಾಡ್‌ಬ್ಯಾಂಡ್ ಸೇವೆಗಳೂ ಅದರ ವ್ಯಾಪ್ತಿಗೆ ಬಂದವು. 2023ರ ದೂರಸಂಪರ್ಕ ಕಾಯಿದೆಯು ಇದೇ ನಿಧಿಗೆ ಡಿಜಿಟಲ್ ಭಾರತ್ ನಿಧಿ ಎಂದು ಮರುನಾಮಕರಣ ಮಾಡಿತು. ಅದರ ನಿಯಮಗಳು 2024ರ ಆಗಸ್ಟ್ 30ರಂದು ಪ್ರಕಟವಾದವು.

ಕಂಪೆನಿಗಳಿಂದ ಬಂದ ಹಣ ನೇರವಾಗಿ ನಿಧಿಗೆ ಸೇರುವುದಿಲ್ಲ ಎಂಬುದು ಗಮನಾರ್ಹ. ಅದು ಮೊದಲು ಕೇಂದ್ರದ ಸಂಚಿತ ನಿಧಿಗೆ ಹೋಗಿ, ಸಂಸತ್ತಿನ ಒಪ್ಪಿಗೆಯ ಬಳಿಕ ಇತ್ತ ಬರಬೇಕು. ಹೀಗಾಗಿ ಸಂಗ್ರಹವಾಗುವ ಮೊತ್ತಕ್ಕೂ ಹಳ್ಳಿಗಳ ಮೇಲೆ ಖರ್ಚಾಗುವ ಮೊತ್ತಕ್ಕೂ ತಾಳೆಯಾಗಬೇಕೆಂದೇನಿಲ್ಲ.

ನಾಲೆ ಬಂತು, ಕಾಲುವೆ ಬರಲಿಲ್ಲ

2009ರ ಜನವರಿಯಲ್ಲಿ ಈ ನಿಧಿಯ ನೆರವಿನಿಂದ ಬಿಎಸ್‌ಎನ್‌ಎಲ್ ಜೊತೆ ಒಂದು ಒಪ್ಪಂದವಾಯಿತು. ಹಳ್ಳಿಗಳ ದೂರವಾಣಿ ವಿನಿಮಯ ಕೇಂದ್ರಗಳ ಮೂಲಕ ಐದು ವರ್ಷಗಳಲ್ಲಿ ದೇಶಾದ್ಯಂತ 8,61,459 ತಂತಿ ಬ್ರಾಡ್‌ಬ್ಯಾಂಡ್ ಸಂಪರ್ಕಗಳನ್ನು ನೀಡುವುದು ಅದರ ಗುರಿ. ಆಗ ವೇಗ ಸೆಕೆಂಡಿಗೆ 512 ಕಿಲೋಬಿಟ್. ಆ ವೇಗದ ಸಂಪರ್ಕವನ್ನು ಇಂದು ಬ್ರಾಡ್‌ಬ್ಯಾಂಡ್ ಎಂದು ಕರೆಯಲೂ ಬರುವುದಿಲ್ಲ. 2023ರ ಜನವರಿಯಲ್ಲಿ ಕೇಂದ್ರವು ಕನಿಷ್ಠ ಮಿತಿಯನ್ನು 2 ಮೆಗಾಬಿಟ್‌ಗೆ ಏರಿಸಿದೆ.

ನಂತರದ್ದು ದೊಡ್ಡ ಯೋಜನೆ. ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವ ರಾಷ್ಟ್ರೀಯ ಜಾಲಕ್ಕೆ ಕೇಂದ್ರ ಸಂಪುಟವು 2011ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿತು. ಆರಂಭದ ಅಂದಾಜು ಸುಮಾರು 20 ಸಾವಿರ ಕೋಟಿ ರೂಪಾಯಿ. 2015ರಲ್ಲಿ ಭಾರತ್‌ನೆಟ್ ಎಂಬ ಹೆಸರು ಪಡೆದ ಈ ಯೋಜನೆಯ ಮೊದಲ ಹಂತ, ಅಂದರೆ ಒಂದು ಲಕ್ಷ ಪಂಚಾಯಿತಿ, ಪೂರ್ಣಗೊಂಡದ್ದು 2017ರ ಡಿಸೆಂಬರ್‌ನಲ್ಲಿ. ಕೇಬಲ್ ಎಳೆಯುವುದರಲ್ಲಿ ಕರ್ನಾಟಕ ಹಿಂದುಳಿಯಲಿಲ್ಲ. ಮೊದಲ ಹಂತದಲ್ಲಿಯೇ ರಾಜ್ಯದ ಪಂಚಾಯಿತಿಗಳಿಗೆ ಫೈಬರ್ ತಲುಪಿತು.

ತೊಡಕು ಇರುವುದು ಲೆಕ್ಕದ ಘಟಕದಲ್ಲಿ. ರಾಜ್ಯದಲ್ಲಿ ಇರುವ ಗ್ರಾಮ ಪಂಚಾಯಿತಿಗಳು ಸುಮಾರು ಆರು ಸಾವಿರ. 2011ರ ಜನಗಣತಿಯ ಪ್ರಕಾರ ಜನವಸತಿಯುಳ್ಳ ಗ್ರಾಮಗಳು 27 ಸಾವಿರಕ್ಕೂ ಹೆಚ್ಚು. ಅಂದರೆ ಸರಾಸರಿ ನಾಲ್ಕೈದು ಹಳ್ಳಿಗಳಿಗೆ ಒಂದು ಪಂಚಾಯಿತಿ ಕಚೇರಿ. ಆ ಕಚೇರಿಯ ಗೋಡೆಗೆ ಫೈಬರ್ ಪೆಟ್ಟಿಗೆ ಅಂಟಿಸಿದ ಕೂಡಲೇ ದಾಖಲೆಯಲ್ಲಿ ಪಂಚಾಯಿತಿಯು ಸಂಪರ್ಕ ಪಡೆದಂತಾಗುತ್ತದೆ. ಪಕ್ಕದ ಮೂರು ನಾಲ್ಕು ಹಳ್ಳಿಗಳ ಶಾಲೆ, ನ್ಯಾಯಬೆಲೆ ಅಂಗಡಿ, ಹಾಲಿನ ಡೇರಿ ಎಲ್ಲವೂ ಆ ದಾಖಲೆಯ ಹೊರಗೇ ಉಳಿಯುತ್ತವೆ.

ಮಂಡ್ಯ ಜಿಲ್ಲೆಯ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದ ಮಾತ್ರಕ್ಕೆ ಕೊನೆಯ ಭಾಗದ ಗದ್ದೆ ನೆನೆಯುವುದಿಲ್ಲ. ತೂಬು ಬೇಕು, ವಿತರಣಾ ನಾಲೆ ಬೇಕು, ಹೊಲಗಾಲುವೆ ಬೇಕು, ಹೂಳು ತೆಗೆಯುವವರು ಬೇಕು. ಭಾರತ್‌ನೆಟ್ ಮುಖ್ಯ ನಾಲೆಯನ್ನು ತೋಡಿತು. ಹೊಲಗಾಲುವೆ ಯಾರ ಹೊಣೆ ಎಂಬುದು ಬಹುಕಾಲ ತೀರ್ಮಾನವಾಗಲಿಲ್ಲ. ಮೊದಲ ಹಂತದ ಜಾಲವು ಒಂದೇ ಎಳೆಯಲ್ಲಿ ಸಾಗುವಂಥದ್ದಾದ್ದರಿಂದ, ರಸ್ತೆ ವಿಸ್ತರಣೆಗೆ ಬಂದ ಜೆಸಿಬಿ ಒಂದು ಕಡೆ ಕೇಬಲ್ ಕಿತ್ತರೆ ಅದರಾಚೆಗಿನ ಪಂಚಾಯಿತಿಗಳು ಒಟ್ಟಿಗೇ ಸ್ತಬ್ಧವಾಗುತ್ತಿದ್ದವು.

ಇದೇ ಜಿಲ್ಲೆಯ ಇತಿಹಾಸದಲ್ಲಿ ಇಂತಹುದೇ ಇನ್ನೊಂದು ಪ್ರಸಂಗವಿದೆ. 1902ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿಗೂ ಬಂತು. ತಂತಿಯು ಯಾವ ಹೊಲಗಳ ಮೇಲೆ ಹಾದು ಹೋಯಿತೋ ಆ ಹಳ್ಳಿಗಳ ಮನೆಗಳಲ್ಲಿ ದೀಪ ಉರಿಯಲು ದಶಕಗಳೇ ಬೇಕಾದವು.

'ಬೇಡಿಕೆ' ಎಂಬ ಪದ

2023ರ ಆಗಸ್ಟ್ 4ರಂದು ಕೇಂದ್ರ ಸಂಪುಟವು ಪರಿಷ್ಕೃತ ಭಾರತ್‌ನೆಟ್ ಕಾರ್ಯಕ್ರಮಕ್ಕೆ ಒಪ್ಪಿಗೆ ನೀಡಿತು. ಮೊತ್ತ 1,39,579 ಕೋಟಿ ರೂಪಾಯಿ. 2.64 ಲಕ್ಷ ಪಂಚಾಯಿತಿಗಳನ್ನು ಉಂಗುರದಾಕಾರದ ಜಾಲಕ್ಕೆ ಸೇರಿಸುವುದು ಇದರ ಮೊದಲ ಭಾಗ. ಒಂದು ಬದಿಯ ಕೇಬಲ್ ತುಂಡಾದರೆ ಇನ್ನೊಂದು ಬದಿಯಿಂದ ಸಂಪರ್ಕ ಮುಂದುವರಿಯುವುದು ಈ ವಿನ್ಯಾಸದ ಲಾಭ. ಐದು ವರ್ಷಗಳಲ್ಲಿ ಒಂದೂವರೆ ಕೋಟಿ ಗ್ರಾಮೀಣ ಮನೆಗಳಿಗೆ ಫೈಬರ್ ಸಂಪರ್ಕ ನೀಡುವ ಗುರಿಯೂ ಇದೆ. ಸ್ಥಳೀಯ ಉದ್ಯಮಿಗಳು ಮನೆಗಳಿಗೆ ಕೇಬಲ್ ಎಳೆದು ನಿರ್ವಹಿಸಬೇಕು, ಆದಾಯದಲ್ಲಿ ಅರ್ಧ ಪಾಲು ಅವರಿಗೆ ಸಲ್ಲಬೇಕು ಎಂಬುದು ವ್ಯವಸ್ಥೆ. ಊರಿನ ಕೇಬಲ್ ಟಿವಿ ಆಪರೇಟರುಗಳಿಗೆ ಇದು ಹೊಸ ಬದುಕಾಗಬಲ್ಲದು.

ಆದರೆ ಓದುಗರು ಎರಡು ಬಾರಿ ಓದಬೇಕಾದ ಅಂಶ ಬೇರೊಂದಿದೆ. ಪಂಚಾಯಿತಿ ಕೇಂದ್ರವಲ್ಲದ ಸುಮಾರು 3.8 ಲಕ್ಷ ಹಳ್ಳಿಗಳಿಗೆ ಫೈಬರ್ ನೀಡುವುದು 'ಬೇಡಿಕೆಯ ಆಧಾರದ ಮೇಲೆ' ಎಂದು ಕಾರ್ಯಕ್ರಮ ಹೇಳುತ್ತದೆ. ಪಂಚಾಯಿತಿ ಕಚೇರಿಗೆ ಕೇಬಲ್ ತಾನಾಗಿ ಬರುತ್ತದೆ. ಉಳಿದ ಹಳ್ಳಿ ಕೇಳಬೇಕು. ಕೇಳದ ಹಳ್ಳಿಗೆ ಬೇಡಿಕೆಯಿಲ್ಲವೆಂದು ಬರೆದುಕೊಂಡರೆ ಯಾರೂ ಆಕ್ಷೇಪಿಸುವಂತಿಲ್ಲ.

ಕೇಳುವುದು ಎಂದರೇನು? ಒಂದು ಮನೆಯವರು ಚಂದಾ ಕಟ್ಟಲು ಸಿದ್ಧರಿದ್ದರೆ ಅದು ಬೇಡಿಕೆಯೇ? ಶಾಲೆಯ ಮುಖ್ಯೋಪಾಧ್ಯಾಯರ ಪತ್ರ ಸಾಕೇ? ಗ್ರಾಮಸಭೆಯ ನಿರ್ಣಯ ಬೇಕೇ? ಪಡಿತರಕ್ಕೆ ಬೆರಳಚ್ಚು ಒತ್ತಲು ನ್ಯಾಯಬೆಲೆ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತ ವೃದ್ಧೆ, ಬೆಂಬಲ ಬೆಲೆಗೆ ರಾಗಿ ಮಾರಲು ಹೆಸರು ನೋಂದಾಯಿಸಬೇಕಾದ ನಾಗಮಂಗಲದ ರೈತ, ಇವರು ಬ್ರಾಡ್‌ಬ್ಯಾಂಡ್ ಬೇಕೆಂದು ಬಾಯಿಬಿಟ್ಟು ಹೇಳುವುದಿಲ್ಲ. 'ಸರ್ವರ್ ಇಲ್ಲ' ಎಂಬ ಉತ್ತರ ಕೇಳಿ ಮನೆಗೆ ಮರಳುತ್ತಾರೆ. ಅವರ ಅಗತ್ಯ ಯಾವ ಕಡತದಲ್ಲೂ ಬೇಡಿಕೆಯಾಗಿ ನಮೂದಾಗುವುದಿಲ್ಲ.

ಅರ್ಜಿದಾರರೆಂದರೆ ಟೆಂಡರುದಾರರು

ಅನುದಾನ ಪಡೆಯುವ ವಿಧಾನವೂ ಇದಕ್ಕೆ ಪೂರಕವಾಗಿಯೇ ಇದೆ. ಹಳೆಯ ನಿಧಿಯ ಕಾಲದಿಂದಲೂ ಸಾಮಾನ್ಯ ಪದ್ಧತಿಯೆಂದರೆ ಟೆಂಡರು. ಅತಿ ಕಡಿಮೆ ಸಹಾಯಧನ ಕೇಳಿದವರಿಗೆ ಕೆಲಸ. ಪರಿಷ್ಕೃತ ಭಾರತ್‌ನೆಟ್‌ನಲ್ಲಿ ಬಿಎಸ್‌ಎನ್‌ಎಲ್ ನಿರ್ವಹಣಾ ಸಂಸ್ಥೆಯಾಗಿ ದೇಶವನ್ನು ಪ್ಯಾಕೇಜುಗಳಾಗಿ ವಿಂಗಡಿಸಿ ಟೆಂಡರು ಕರೆಯಿತು. ಕರ್ನಾಟಕವು ಗೋವಾ ಮತ್ತು ಪುದುಚೇರಿಯೊಡನೆ ಒಂದೇ ಪ್ಯಾಕೇಜಿನಲ್ಲಿದೆ. ಇಷ್ಟು ದೊಡ್ಡ ಕಾಮಗಾರಿಗೆ ಮಂಡ್ಯದ ಸಹಕಾರ ಸಂಘವಾಗಲೀ ಪಾಂಡವಪುರದ ಕೇಬಲ್ ಆಪರೇಟರಾಗಲೀ ಟೆಂಡರು ಹಾಕುವ ಮಾತೇ ಇಲ್ಲ. ಅವರಿಗೆ ಉಳಿದಿರುವುದು ಕೊನೆಯ ತುದಿಯ ಉಪಪಾತ್ರ ಮಾತ್ರ.

ಇದರ ಹಿಂದೆ ತರ್ಕವಿಲ್ಲವೆಂದಲ್ಲ. ಜಾಲವನ್ನು ಕಟ್ಟಿದವರೇ ಹತ್ತು ವರ್ಷ ನಿರ್ವಹಿಸಬೇಕೆಂಬ ಷರತ್ತನ್ನು ಪೂರೈಸಲು ಬಂಡವಾಳ ಬೇಕು, ತಂತ್ರಜ್ಞರು ಬೇಕು. ಸಣ್ಣ ಸಣ್ಣ ಗುತ್ತಿಗೆಗಳಾಗಿ ಹಂಚಿದರೆ ತುಂಡಾದ ಕೇಬಲ್ಲಿಗೆ ಯಾರೂ ಹೊಣೆಯಾಗದ ಸ್ಥಿತಿ ಬರಬಹುದು. ಅನುದಾನ ಪಡೆದ ಜಾಲವನ್ನು ಎಲ್ಲ ಸೇವಾದಾರರಿಗೂ ತಾರತಮ್ಯವಿಲ್ಲದೆ ಮುಕ್ತವಾಗಿಡಬೇಕೆಂದು 2024ರ ನಿಯಮಗಳು ವಿಧಿಸಿರುವುದು ಸ್ವಾಗತಾರ್ಹ. ಆದರೆ ಕೇಬಲ್ ಎಳೆಯುವವರ ಅರ್ಹತೆಯ ಬಗ್ಗೆ ಪುಟಗಟ್ಟಲೆ ಬರೆಯುವ ವ್ಯವಸ್ಥೆಯು, ಕೇಬಲ್ ಬೇಕಾದವರ ಹಕ್ಕಿನ ಬಗ್ಗೆ ಒಂದು ಪುಟವನ್ನಾದರೂ ಬರೆಯಬೇಕಲ್ಲವೇ?

ಅಮೆರಿಕದಲ್ಲಿ 2021ರ ಮೂಲಸೌಕರ್ಯ ಕಾಯಿದೆಯಡಿ ಬ್ರಾಡ್‌ಬ್ಯಾಂಡ್ ವಿಸ್ತರಣೆಗೆ 4,245 ಕೋಟಿ ಡಾಲರ್ ಮೀಸಲಿಟ್ಟಾಗ, ಹಣ ಹಂಚುವ ಮೊದಲು ಸಂಪರ್ಕವಿರುವ ಮತ್ತು ಇಲ್ಲದ ಸ್ಥಳಗಳ ನಕ್ಷೆಯನ್ನು ಸಾರ್ವಜನಿಕವಾಗಿ ಪ್ರಕಟಿಸಲಾಯಿತು. ನಕ್ಷೆ ತಪ್ಪಾಗಿದೆ ಎಂದು ತಕರಾರು ಸಲ್ಲಿಸುವ ಅವಕಾಶವನ್ನು ಸ್ಥಳೀಯ ಸಂಸ್ಥೆಗಳಿಗೂ ಲಾಭರಹಿತ ಸಂಘಗಳಿಗೂ ನೀಡಲಾಯಿತು. ಆ ಯೋಜನೆಯೂ ವಿಳಂಬ ಮತ್ತು ನಿಯಮ ಬದಲಾವಣೆಗಳಿಂದ ನಲುಗಿತೆಂಬುದು ನಿಜ. ಆದರೂ 'ನಮ್ಮ ಊರಿಗೆ ಸಂಪರ್ಕವಿಲ್ಲ' ಎಂಬ ಮಾತಿಗೆ ಅಲ್ಲಿ ಒಂದು ಅರ್ಜಿ ನಮೂನೆಯಾದರೂ ಇತ್ತು.

ಗಂಜಾಂನ ಇಕ್ಕಟ್ಟು

ಈ ವಿಚಾರದಲ್ಲಿ ಗಂಜಾಂನ ಸ್ಥಾನ ವಿಶಿಷ್ಟವಾದುದು. ಟಿಪ್ಪುವಿನ ಕಾಲದಲ್ಲಿ ಶಿರಾದಿಂದ ಜನರನ್ನು ಕರೆತಂದು ನೆಲೆಗೊಳಿಸಿದ ಈ ಪೇಟೆ ಇಂದು ಶ್ರೀರಂಗಪಟ್ಟಣ ಪುರಸಭೆಗೆ ಸೇರಿದೆ. ಗದ್ದೆ, ತೋಟ, ಬೇಸಾಯವನ್ನು ನೋಡಿದರೆ ಹಳ್ಳಿ, ದಾಖಲೆಯಲ್ಲಿ ಪಟ್ಟಣ. ಪಂಚಾಯಿತಿಯನ್ನೇ ಘಟಕವನ್ನಾಗಿ ಹಿಡಿದ ಭಾರತ್‌ನೆಟ್‌ನಲ್ಲಿ ಇಂತಹ ಪುರಸಭಾ ಪ್ರದೇಶಕ್ಕೆ ಸ್ಥಾನವಿಲ್ಲ. ಹೆದ್ದಾರಿಯ ಸಮೀಪವಿರುವುದರಿಂದ ಗಂಜಾಂಗೆ ಖಾಸಗಿ ಸೇವೆ ಒದಗಬಹುದು. ಆದರೆ ರಾಜ್ಯದ ಎಷ್ಟೋ ಸಣ್ಣ ಪುರಸಭೆ, ಪಟ್ಟಣ ಪಂಚಾಯಿತಿಗಳ ಅಂಚಿನ ಬಡಾವಣೆಗಳಿಗೆ ಆ ಅನುಕೂಲವಿಲ್ಲ. ಸೇವಾವಂಚಿತ ನಗರ ಪ್ರದೇಶಗಳಿಗೂ ನೆರವು ನೀಡಬಹುದೆಂದು 2023ರ ಕಾಯಿದೆ ಹೇಳಿರುವುದು ಇಂತಹ ಸ್ಥಳಗಳಿಗೆ ತೆರೆದ ಬಾಗಿಲು. ಆ ಬಾಗಿಲು ತಟ್ಟುವವರು ಬೇಕಷ್ಟೆ.

ಕೇಬಲ್ ಅಗೆಯುವವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಗುಂಬಜ್, ದರಿಯಾ ದೌಲತ್‌ಗಳಂತಹ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆಗೆ 200 ಮೀಟರ್ ನಿಯಂತ್ರಿತ ವಲಯ. 2010ರ ತಿದ್ದುಪಡಿಯು 'ನಿರ್ಮಾಣ' ಎಂಬ ಪದದಿಂದ ಚರಂಡಿ, ಕುಡಿಯುವ ನೀರು, ವಿದ್ಯುತ್ ವಿತರಣೆ ಮತ್ತು ಅಂತಹುದೇ ಸಾರ್ವಜನಿಕ ಸೌಲಭ್ಯಗಳನ್ನು ಹೊರಗಿಟ್ಟಿದೆ. ದೂರಸಂಪರ್ಕ ಕೇಬಲ್ಲಿನ ಹೆಸರು ಅಲ್ಲಿಲ್ಲ. 'ಅಂತಹುದೇ ಸೌಲಭ್ಯ' ಎಂಬ ಮಾತಿನಡಿ ಅದು ಬರುತ್ತದೆಯೇ ಎಂಬುದು ಅಧಿಕಾರಿಗಳ ವ್ಯಾಖ್ಯಾನಕ್ಕೆ ಬಿಟ್ಟ ವಿಷಯ. ಸ್ಮಾರಕ ಉಳಿಯಬೇಕು, ನಿಜ. ನೀರಿನ ಕೊಳವೆಗೆ ಇರುವ ಸ್ಪಷ್ಟತೆ ಕೇಬಲ್ಲಿಗೂ ದೊರೆತರೆ ಎರಡಕ್ಕೂ ಕ್ಷೇಮ.

ಮುಂದೇನು?

ಮೊದಲನೆಯದಾಗಿ, ಗ್ರಾಮಸಭೆಗಳು ಎಚ್ಚೆತ್ತುಕೊಳ್ಳಬೇಕು. ರಸ್ತೆ, ಚರಂಡಿ, ಬೀದಿದೀಪದ ಜೊತೆಗೆ ಬ್ರಾಡ್‌ಬ್ಯಾಂಡ್ ಕೂಡ ಕಾರ್ಯಸೂಚಿಯಲ್ಲಿರಲಿ. ಪಂಚಾಯಿತಿ ವ್ಯಾಪ್ತಿಯ ಪ್ರತಿ ಹಳ್ಳಿಯ ಶಾಲೆ, ಅಂಗನವಾಡಿ, ಆರೋಗ್ಯ ಉಪಕೇಂದ್ರ, ಗ್ರಂಥಾಲಯ, ನ್ಯಾಯಬೆಲೆ ಅಂಗಡಿ, ಹಾಲು ಉತ್ಪಾದಕರ ಸಂಘ, ಚಂದಾ ಕಟ್ಟಲು ಸಿದ್ಧವಿರುವ ಮನೆಗಳು, ಇಷ್ಟರ ಪಟ್ಟಿ ಮಾಡಿ ನಡಾವಳಿಯಲ್ಲಿ ನಮೂದಿಸಿದರೆ ಅದೇ ಲಿಖಿತ ಬೇಡಿಕೆ. ಅದರ ಪ್ರತಿ ಜಿಲ್ಲಾ ಪಂಚಾಯಿತಿಗೂ ಬಿಎಸ್‌ಎನ್‌ಎಲ್ ಕಚೇರಿಗೂ ತಲುಪಿ ಸ್ವೀಕೃತಿ ದೊರೆತರೆ, ನಾಳೆ 'ಈ ಊರಿನವರು ಕೇಳಲೇ ಇಲ್ಲ' ಎನ್ನಲು ಆಗದು. ಪುರಸಭೆಗಳು ಇದೇ ಕೆಲಸವನ್ನು ವಾರ್ಡುವಾರು ಮಾಡಬಹುದು.

ಎರಡನೆಯದಾಗಿ, ಬೇಡಿಕೆ ಸಲ್ಲಿಸುವ ವಿಧಾನ, ಅದನ್ನು ಸ್ವೀಕರಿಸುವ ಅಧಿಕಾರಿ, ಉತ್ತರ ನೀಡಬೇಕಾದ ಅವಧಿ, ಈ ಮೂರನ್ನೂ ಕನ್ನಡದಲ್ಲಿ ಪ್ರಕಟಿಸಿ ಪ್ರತಿ ಪಂಚಾಯಿತಿಯ ಫಲಕದಲ್ಲಿ ಹಾಕಬೇಕು. ಮೂರನೆಯದಾಗಿ, ಪ್ರಗತಿ ವರದಿಯ ಲೆಕ್ಕ ಬದಲಾಗಬೇಕು. ಎಷ್ಟು ಪಂಚಾಯಿತಿ ಕಚೇರಿಗಳಿಗೆ ಕೇಬಲ್ ತಲುಪಿದೆ ಎಂಬುದಕ್ಕಿಂತ, ಕಳೆದ ತಿಂಗಳು ಎಷ್ಟು ದಿನ ಸಂಪರ್ಕ ಜೀವಂತವಾಗಿತ್ತು, ಎಷ್ಟು ಹಳ್ಳಿಗಳ ಎಷ್ಟು ಸಂಸ್ಥೆಗಳು ಅದನ್ನು ಬಳಸಿದವು ಎಂಬ ಅಂಕಿ ಹೆಚ್ಚು ಮುಖ್ಯ.

ಭೂದಾಖಲೆಗಳ ಗಣಕೀಕರಣದ ಭೂಮಿ ಯೋಜನೆಯು ಮೊದಲ ಪ್ರಯೋಗ ಕಂಡದ್ದು ಇದೇ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ. ಪಹಣಿಗಾಗಿ ಗ್ರಾಮ ಲೆಕ್ಕಿಗರ ಮನೆ ಬಾಗಿಲು ಕಾಯುತ್ತಿದ್ದ ರೈತ ಗಣಕಯಂತ್ರದ ಕಿಟಕಿಯ ಮುಂದೆ ಹಕ್ಕಿನಿಂದ ನಿಂತದ್ದು ಅಲ್ಲಿಂದ ಮುಂದೆ. ಈಗ ಪಡಿತರದಿಂದ ಪಿಂಚಣಿಯವರೆಗೆ ಹಕ್ಕುಗಳೆಲ್ಲ ತಂತಿಯ ಮೂಲಕವೇ ಬರುತ್ತಿರುವಾಗ, ತಂತಿಯೇ ತಲುಪದ ಊರಿಗೆ ಆ ಹಕ್ಕುಗಳು ಕಾಗದದ ಮೇಲೆ ಮಾತ್ರ ಉಳಿಯುತ್ತವೆ. ಮುಂದಿನ ಗ್ರಾಮಸಭೆ ಸೇರಿದಾಗ ಪಿಡಿಒ ಅವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ನಮ್ಮ ಊರಿನ ಬೇಡಿಕೆ ಬರೆದುಕೊಂಡಿದ್ದೀರಾ?