ಗೋಡೆಯ ಟೈಲ್ಸ್ ಇರಲಿ, ತಾಯಿಯ ಸೊಂಟ ಉಳಿಯಲಿ

ಎಪ್ಪತ್ತರ ಆಸುಪಾಸಿನ ತಾಯಿಯೊಬ್ಬರು ಮಲಬದ್ಧತೆ ಮತ್ತು ಉರಿಮೂತ್ರದ ತೊಂದರೆಯೆಂದು ನನ್ನ ಕ್ಲಿನಿಕ್‌ಗೆ ಬಂದಿದ್ದರು. ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ ಎಂದು ಕೇಳಿದೆ. "ಮಗ್ರಿಬ್ ಆದ ಮೇಲೆ ನೀರೇ ಕುಡಿಯಲ್ಲ ಡಾಕ್ಟ್ರೇ. ಕುಡಿದರೆ ರಾತ್ರಿ ಏಳಬೇಕಾಗುತ್ತೆ. ಅಲ್ಲಿ ಕೂತರೆ ಮಂಡಿ ಹಿಡ್ಕೊಂಡು ಏಳೋಕೇ ಆಗಲ್ಲ" ಎಂದರು. ಮನೆಯಲ್ಲಿದ್ದದ್ದು ಹಳೆಯ ಇಂಡಿಯನ್ ಕಮೋಡ್ ಒಂದೇ. ಜೊತೆಗೆ ಬಂದಿದ್ದ ಮಗ, "ಬಾತ್‌ರೂಮ್ ಪೂರ್ತಿ ಒಡೆದು ಹೊಸ ಟೈಲ್ಸ್ ಹಾಕಿಸಬೇಕು ಅಂತ ಮೇಸ್ತ್ರಿ ಹೇಳಿದ್ದಾರೆ. ದುಡ್ಡು ಕೂಡಿದ ಮೇಲೆ ಮಾಡಿಸ್ತೀವಿ" ಎಂದರು.

ಔಷಧ ಕೊಟ್ಟೆ, ನೀರು ಕುಡಿಯಲು ಹೇಳಿದೆ. ಕೆಲವು ತಿಂಗಳ ನಂತರ ಸುದ್ದಿ ಬಂತು. ಬಗ್ಗಿ ಕೂರಲಾಗದ ಆ ತಾಯಿ ಫಜ್ರ್‌ಗೆ ನಿಂತೇ ವುಝೂ ಮಾಡುತ್ತಿದ್ದರು. ಟವೆಲ್ ರಾಡ್ ಹಿಡಿದು ಒಂದು ಕಾಲನ್ನು ನಲ್ಲಿಯ ಕೆಳಗೆ ಎತ್ತಿದಾಗ ರಾಡ್ ಕಿತ್ತು ಬಂತು. ಸೊಂಟದ ಮೂಳೆ ಮುರಿಯಿತು. ಮುರಿದ ಮೂಳೆಗೆ ನನ್ನ ಬಳಿ ಮದ್ದಿಲ್ಲ, ಅದು ಮೂಳೆ ತಜ್ಞರ ಕೆಲಸ. ಆದರೆ ಬೀಳದಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಕೆಲಸ. ಆ ಮನೆಯಲ್ಲಿ ಗೋಡೆಯ ಟೈಲ್ಸ್ ಚೆನ್ನಾಗಿಯೇ ಇದ್ದವು. ಬದಲಾಗಬೇಕಿದ್ದದ್ದು ಕಮೋಡ್, ನಲ್ಲಿ, ಹಿಡಿಕೆ ಮಾತ್ರ.

ನನ್ನ ಅಭಿಪ್ರಾಯ ಇಷ್ಟೆ: 'ಮಾಡಿಸಿದರೆ ಪೂರ್ತಿ ಮಾಡಿಸಬೇಕು' ಎಂಬ ಹಟವನ್ನು ಬಿಡೋಣ. ಆ ಹಟದಿಂದಲೇ ಅವಶ್ಯವಾದ ಕೆಲಸ ವರ್ಷಗಟ್ಟಲೆ ಮುಂದೆ ಹೋಗುತ್ತದೆ.

ಲೆಕ್ಕ ಹಾಕಿ ನೋಡಿ. 5 ಅಡಿ ಅಗಲ, 7 ಅಡಿ ಉದ್ದದ ಬಾತ್‌ರೂಮ್‌ಗೆ 7 ಅಡಿ ಎತ್ತರದವರೆಗೆ ಟೈಲ್ಸ್ ಇದ್ದರೆ, ಬಾಗಿಲಿನ ಜಾಗ ಕಳೆದು ಸುಮಾರು 150 ಚದರಡಿ ಗೋಡೆ ಆಗುತ್ತದೆ. ಅಷ್ಟನ್ನು ಒಡೆಯುವ ಕೂಲಿ, ಕಲ್ಲುಮಣ್ಣು ಸಾಗಿಸುವ ಬಾಡಿಗೆ, ಮತ್ತೆ ಗಾರೆ, ಹೊಸ ಟೈಲ್ಸ್. ಒಡೆಯುವಾಗ ಮತ್ತು ಕತ್ತರಿಸುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಮನೆಯಲ್ಲಿ ದಮ್ಮಿನ ರೋಗಿಗಳೋ ಚಿಕ್ಕ ಮಕ್ಕಳೋ ಇದ್ದರೆ ಆ ದಿನಗಳು ಬಹಳ ಕಷ್ಟ. ಕೆಲಸ ಮಾಡುವವರಿಗೂ ಅದು ಒಳ್ಳೆಯದಲ್ಲ, ಅವರಿಗೆ ಮಾಸ್ಕ್ ಕೊಡಿಸುವುದು ಮನೆಯವರ ಹೊಣೆ.

ಟೈಲ್ಸ್ ಉಳಿಸಬಹುದೇ ಎಂದು ನೀವೇ ಪರೀಕ್ಷಿಸಬಹುದು. ಒಂದು ನಾಣ್ಯದಿಂದ ಪ್ರತಿಯೊಂದು ಟೈಲನ್ನೂ ಮೆಲ್ಲಗೆ ತಟ್ಟಿ. ಗಟ್ಟಿ ಸದ್ದು ಬಂದರೆ ಅಂಟಿಕೊಂಡಿದೆ, ಪೊಳ್ಳು ಸದ್ದು ಬಂದರೆ ಸಡಿಲವಾಗಿದೆ. ಗೋಡೆಯ ಆಚೆ ಬದಿಯಲ್ಲಿ ತೇವ, ಬಣ್ಣ ಉದುರುವಿಕೆ ಇದೆಯೇ ನೋಡಿ. ಅಲ್ಲೊಂದು ಇಲ್ಲೊಂದು ಸಡಿಲವಿದ್ದರೆ ಅಷ್ಟನ್ನೇ ತೆಗೆದು ಹಾಕಬಹುದು. ಅದೇ ಬಣ್ಣ ಸಿಗದಿದ್ದರೆ ಬೇರೆ ಬಣ್ಣದ ಒಂದು ಪಟ್ಟಿ ಕೊಡಿಸಿ, ಚೆನ್ನಾಗಿಯೇ ಕಾಣುತ್ತದೆ. ಆದರೆ ಅರ್ಧಕ್ಕರ್ಧ ಪೊಳ್ಳಾಗಿದ್ದರೆ ಅಥವಾ ಗೋಡೆಯೊಳಗೆ ನೀರು ಸೋರುತ್ತಿದ್ದರೆ ಉಳಿಸುವ ಆಸೆ ಬೇಡ. ತೇವದ ಗೋಡೆಯಲ್ಲಿ ಬೂಷ್ಟು ಬೆಳೆದು ಕೆಮ್ಮು, ದಮ್ಮು ಹೆಚ್ಚುತ್ತದೆ. ಗೋಡೆಯೊಳಗಿನ ಹಳೆಯ ಜಿಐ ಪೈಪ್ ತುಕ್ಕು ಹಿಡಿದು ನೀರು ಬರುವುದು ಕಡಿಮೆಯಾಗಿದ್ದರೆ, ಅದನ್ನು ಬಂದ್ ಮಾಡಿಸಿ ಗೋಡೆಯ ಮೇಲೆಯೇ ಸಿಪಿವಿಸಿ ಪೈಪ್ ಎಳೆಸಬಹುದು. ನೋಟ ಸ್ವಲ್ಪ ಕಡಿಮೆ, ಅನುಕೂಲಕ್ಕೆ ಕೊರತೆಯಿಲ್ಲ.

ಈಗ ವೆಸ್ಟರ್ನ್ ಕಮೋಡ್ ಇದ್ದು ಅದನ್ನೇ ಬದಲಿಸುವುದಾದರೆ ಕೊಳ್ಳುವ ಮೊದಲು ಅಳತೆ ತೆಗೆದುಕೊಳ್ಳಿ. ಮಲದ ಪೈಪ್ ನೆಲಕ್ಕೆ ಹೋಗುತ್ತಿದ್ದರೆ ಎಸ್ ಟ್ರ್ಯಾಪ್, ಗೋಡೆಗೆ ಹೋಗುತ್ತಿದ್ದರೆ ಪಿ ಟ್ರ್ಯಾಪ್. ಎಸ್ ಟ್ರ್ಯಾಪ್ ಆದರೆ ಟೈಲ್ಸ್‌ನ ಮೇಲ್ಮೈಯಿಂದ ಪೈಪಿನ ನಡುಮಧ್ಯಕ್ಕೆ ಎಷ್ಟು ದೂರ ಎಂದು ಅಳೆದು, ಅದೇ ಅಳತೆಯದನ್ನು ತನ್ನಿ. ಇಂಡಿಯನ್ ಕಮೋಡ್ ತೆಗೆದು ವೆಸ್ಟರ್ನ್ ಕೂರಿಸುವುದಾದರೆ ಆ ಭಾಗದ ನೆಲವನ್ನು ಒಡೆಯಲೇಬೇಕು, ಗೋಡೆಯನ್ನಲ್ಲ. ಮುಚ್ಚುವ ಮೊದಲು ವಾಟರ್ ಪ್ರೂಫಿಂಗ್ ಮಾಡಿಸಿ, ಒಂದು ದಿನ ನೀರು ನಿಲ್ಲಿಸಿ ಸೋರುವುದಿಲ್ಲವೆಂದು ಖಚಿತ ಮಾಡಿಕೊಳ್ಳಿ. ಹೊಸದಾಗಿ ಹಾಕುವ ನೆಲ ಜಾರದ ಟೈಲ್ಸ್ ಆಗಿರಲಿ. ವಾಷ್ ಬೇಸಿನ್ ಹಳೆಯದರಷ್ಟೇ ಅಥವಾ ಸ್ವಲ್ಪ ದೊಡ್ಡದು ತನ್ನಿ, ಚಿಕ್ಕದಾದರೆ ಹಳೆಯ ತೂತು, ಕಲೆಗಳು ಎದ್ದು ಕಾಣುತ್ತವೆ.

ಈ ಸಂದರ್ಭದಲ್ಲಿ ಕಿಬ್ಲಾದ ದಿಕ್ಕನ್ನೂ ಗಮನಿಸಿ. ಕಿಬ್ಲಾಕ್ಕೆ ಮುಖ ಅಥವಾ ಬೆನ್ನು ಮಾಡಿ ಮಲಮೂತ್ರಕ್ಕೆ ಕೂರಬಾರದೆಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ಕಟ್ಟಡದೊಳಗೆ ಇದು ಅನ್ವಯವಾಗುವ ಬಗ್ಗೆ ಮದ್‌ಹಬ್‌ಗಳಲ್ಲಿ ಅಭಿಪ್ರಾಯಭೇದವಿದೆ. ನಮ್ಮ ಕಡೆ ಕಿಬ್ಲಾ ಪಶ್ಚಿಮದ ಕಡೆಗಿರುವುದರಿಂದ ಉತ್ತರ ಅಥವಾ ದಕ್ಷಿಣಕ್ಕೆ ಮುಖವಿರುವಂತೆ ಕೂರಿಸಿದರೆ ಗೊಂದಲವೇ ಇಲ್ಲ.

ಹಿಡಿಕೆಯ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಟವೆಲ್ ರಾಡ್ ಹಿಡಿಕೆಯಲ್ಲ, ಅದು ಟವೆಲಿನ ಭಾರಕ್ಕೆ ಮಾಡಿದ್ದು. ಮನುಷ್ಯರ ಭಾರ ತಡೆಯುವ ಗ್ರ್ಯಾಬ್ ಬಾರ್ ಬೇರೆಯೇ ಸಿಗುತ್ತದೆ. ಅದರ ಬೋಲ್ಟ್ ಟೈಲನ್ನು ದಾಟಿ ಇಟ್ಟಿಗೆಯೊಳಗೆ ಗಟ್ಟಿಯಾಗಿ ಕೂರಬೇಕು. ತೂತು ಮಾಡುವ ಜಾಗಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ, ಟೈಲ್ಸ್‌ಗೆಂದೇ ಇರುವ ಬಿಟ್ ಹಾಕಿ, ಟೈಲ್ ದಾಟುವವರೆಗೆ ಹ್ಯಾಮರ್ ಆಫ್ ಮಾಡಿ ನಿಧಾನವಾಗಿ ಕೊರೆದರೆ ಟೈಲ್ ಒಡೆಯುವುದು ಅಪರೂಪ. ಅಂಚಿಗೆ ತೀರಾ ಹತ್ತಿರ ಕೊರೆಯಬಾರದು. ಕಮೋಡಿನ ಪಕ್ಕ ಒಂದು, ನಲ್ಲಿಯ ಪಕ್ಕ ಒಂದು ಇದ್ದರೆ ಸಾಕು.

ಇನ್ನು ವುಝೂ. ಹೆಚ್ಚಿನ ಬಾತ್‌ರೂಮ್‌ಗಳಲ್ಲಿ ಬಕೆಟ್ ತುಂಬಲು ಮೊಣಕಾಲೆತ್ತರದಲ್ಲಿ ಒಂದು ನಲ್ಲಿ ಇದ್ದೇ ಇರುತ್ತದೆ. ಅದರ ಮುಂದೆ ಅಲುಗಾಡದ ಒಂದು ಆಸನ ಹಾಕಿಸಿ. ಜಾರುವ ಪ್ಲಾಸ್ಟಿಕ್ ಸ್ಟೂಲ್ ಬೇಡ. ಅಡಿಗೆ ರಬ್ಬರ್ ಇರುವ ಗಟ್ಟಿ ಸ್ಟೂಲ್ ಅಥವಾ ಕಟ್ಟೆ ಇರಲಿ. ವಯಸ್ಸಾದವರು ಕುಳಿತು ಕಾಲು ತೊಳೆದುಕೊಳ್ಳುತ್ತಾರೆ. ವಾಷ್ ಬೇಸಿನ್‌ಗೆ ಕಾಲೆತ್ತುವ ಅಭ್ಯಾಸವನ್ನು ಯುವಕರೂ ಬಿಡಬೇಕು. ಒದ್ದೆ ನೆಲದಲ್ಲಿ ಒಂಟಿ ಕಾಲಲ್ಲಿ ನಿಂತರೆ ಯಾರೂ ಜಾರಬಹುದು. ಪ್ರವಾದಿ(ಸ)ಯವರು ಒಂದು 'ಮುದ್ದ್' ನೀರಿನಲ್ಲಿ, ಅಂದರೆ ತುಂಬಿದ ಬೊಗಸೆಯ ಅಳತೆಯ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ಹಾಗಿರುವಾಗ ಒಂದು ಮಗ್ ನೀರು ಹಿಡಿದು ಕುಳಿತು ವುಝೂ ಮಾಡಲು ನಮಗೇನು ಕೊರತೆ? ಹಳೆಯ ಫ್ಲಶ್ ಟ್ಯಾಂಕ್ ಒಂದು ಸಲಕ್ಕೆ 10 ಲೀಟರ್ ಸುರಿಯುತ್ತದೆ. 3 ಮತ್ತು 6 ಲೀಟರಿನ ಎರಡು ಗುಂಡಿಯ ಟ್ಯಾಂಕ್ ಹಾಕಿಸಿದರೆ ಆ ನೀರೂ ಉಳಿಯುತ್ತದೆ.

ಉಳಿಸಿಕೊಂಡ ಟೈಲ್ಸ್‌ನ ಸಂದುಗಳು ಕಪ್ಪಾಗಿದ್ದರೆ ಆ್ಯಸಿಡ್ ಸುರಿಯಬೇಡಿ. ಅದು ಸಿಮೆಂಟನ್ನು ತಿನ್ನುತ್ತದೆ, ಹೊಗೆ ಶ್ವಾಸಕೋಶವನ್ನು ಸುಡುತ್ತದೆ. ಆ್ಯಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಬೆರೆತರೆ ಕ್ಲೋರಿನ್ ವಿಷಾನಿಲವೇ ಹೊರಡುತ್ತದೆ. ಸಂದುಗಳನ್ನು ಕೆರೆದು ಎಪಾಕ್ಸಿ ಗ್ರೌಟ್ ತುಂಬಿಸಿ, ಕಮೋಡ್ ಮತ್ತು ಬೇಸಿನ್ ಸುತ್ತ ಸಿಲಿಕೋನ್ ಹಾಕಿಸಿ. ಗೋಡೆ ಹೊಸದರಂತಾಗುತ್ತದೆ.

ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಆರು ಅನಿವಾರ್ಯ ಕಾರಣಗಳನ್ನು ಹೇಳುತ್ತಾರೆ, 'ಅಸ್ಬಾಬೆ ಸಿತ್ತಾ ಝರೂರಿಯ್ಯಾ'. ಅದರಲ್ಲಿ ಮೊದಲನೆಯದು ಗಾಳಿ. ದೇಹ ಹೊರಹಾಕಬೇಕಾದ್ದನ್ನು ಹೊರಹಾಕುವುದೂ ಅವುಗಳಲ್ಲಿ ಒಂದು. ಬಾತ್‌ರೂಮ್‌ಗೆ ಹೆದರಿ ನೀರು ಬಿಟ್ಟವರಿಗೆ, ಮಲಮೂತ್ರ ತಡೆದುಕೊಂಡವರಿಗೆ ನಾನು ಎಷ್ಟು ಮಜೂನ್ ಕೊಟ್ಟರೇನು?

ಒಂದು ಕಹಿ ಮಾತು ಹೇಳಲೇಬೇಕು. ಮಗಳ ನಿಕಾಹ್ ಹತ್ತಿರ ಬಂತು, ಬೀಗರು ಬರುತ್ತಾರೆಂದು ಬಡ್ಡಿ ಸಾಲ ಮಾಡಿಯಾದರೂ ಬಾತ್‌ರೂಮ್ ಒಡೆಸುವವರಿದ್ದಾರೆ. ಅದೇ ಮನೆಯಲ್ಲಿ ಅಜ್ಜಿಗೆ ಮಂಡಿ ನೋವೆಂದು ಒಂದು ಹಿಡಿಕೆ ಹಾಕಿಸಿರುವುದಿಲ್ಲ. ಬನೀ ಇಸ್ರಾಈಲ್ ಅಧ್ಯಾಯದಲ್ಲಿ ವೃದ್ಧ ತಂದೆತಾಯಿಯರ ಬಗೆಗಿನ ಆದೇಶವೂ ದುಂದುವೆಚ್ಚದ ನಿಷೇಧವೂ ಕೆಲವೇ ಸೂಕ್ತಗಳ ಅಂತರದಲ್ಲಿ ಬಂದಿವೆ (17:23-27). ನಮ್ಮ ಬಾತ್‌ರೂಮಿನಲ್ಲಿ ಅವೆರಡೂ ಒಟ್ಟಿಗೇ ನಮ್ಮನ್ನು ಪ್ರಶ್ನಿಸುತ್ತವೆ.

ಈ ಜುಮಾ ದಿನ ಮನೆಯಲ್ಲಿರುವ ಹಿರಿಯರನ್ನು ಕೇಳಿ: ರಾತ್ರಿ ನೀರು ಕುಡಿಯುತ್ತೀರಾ? ವುಝೂ ಮಾಡುವಾಗ ಏನನ್ನು ಹಿಡಿದುಕೊಳ್ಳುತ್ತೀರಿ? ಉತ್ತರ ಕೇಳಿದ ಮೇಲೆ ಒಂದು ನಾಣ್ಯ, ಒಂದು ಟೇಪು ಹಿಡಿದು ಬಾತ್‌ರೂಮ್‌ಗೆ ಹೋಗಿ. ಪ್ಲಂಬರ್‌ಗೆ ಫೋನ್ ಮಾಡಲು ದುಡ್ಡು ಕೂಡುವವರೆಗೆ ಕಾಯಬೇಕಾಗಿಲ್ಲ.